ಮಂಗಳ ಗ್ರಹದಲ್ಲಿ ಭಾನುವಾರ ಯಾವತ್ತು?

ಕೇಳುಗರೆಲ್ಲರಿಗೂ ನಮಸ್ಕಾರ. ದೂರದ ಭವಿಷ್ಯದಲ್ಲಿ ನಡೆಯುವ ಕ್ರೈಸ್ತ ವಿಜ್ಞಾನ ಕಥೆ ಬರೆದು ಪ್ರಕಟಿಸುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಈಸ್ಟರ್ ಹಬ್ಬ ಯಾವತ್ತು ಬರುತ್ತದೆ ಅನ್ನುವುದಕ್ಕೆ ಒಂದು ಹಳೇ ಲೆಕ್ಕ ಇದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು. ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಎಲ್ಲ ಕ್ರೈಸ್ತರೂ ಒಂದೇ ದಿನ ಹಬ್ಬ ಮಾಡಬೇಕು ಅಂತ ಕ್ರಿ.ಶ. 325ರಲ್ಲಿ ನೈಸಿಯಾ ಊರಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ತೀರ್ಮಾನಿಸಿತು. 1582ರಲ್ಲಿ ಕ್ಯಾಲೆಂಡರನ್ನೇ ತಿದ್ದಬೇಕಾಗಿ ಬಂದದ್ದೂ ಮುಖ್ಯವಾಗಿ ಈ ಹಬ್ಬಕ್ಕಾಗಿಯೇ. ಇಷ್ಟೆಲ್ಲ ಆದರೂ ಪೂರ್ವದ ಮತ್ತು ಪಶ್ಚಿಮದ ಸಭೆಗಳು, ಅಂದರೆ ಚರ್ಚುಗಳು, ಇವತ್ತಿಗೂ ಎಷ್ಟೋ ವರ್ಷ ಬೇರೆ ಬೇರೆ ಭಾನುವಾರ ಈಸ್ಟರ್ ಮಾಡುತ್ತವೆ. ಅದೂ ಒಂದೇ ಭೂಮಿಯ ಮೇಲೆ!

ಈಗ ಇದೇ ಲೆಕ್ಕವನ್ನು ಮಂಗಳ ಗ್ರಹಕ್ಕೆ ಒಯ್ಯೋಣ. ಅಲ್ಲಿ ಒಂದು ದಿನ ಅಂದರೆ 24 ಗಂಟೆ 39 ನಿಮಿಷ, ಮೇಲೆ ಇನ್ನು ಚೂರು. ವರ್ಷ ಅಂದರೆ ನಮ್ಮ 687 ದಿನ. ಅದರ ಹತ್ತಿರದ ಚಂದ್ರ ಫೋಬೋಸ್ ಎಂಟು ಗಂಟೆಯೊಳಗೇ ಒಂದು ಸುತ್ತು ಮುಗಿಸಿಬಿಡುತ್ತದೆ. ದಿನಕ್ಕೆ ಮೂರು ಸುತ್ತು ಹಾಕುವ ಚಂದ್ರನನ್ನು ನೋಡಿ ಯಾವ ಹುಣ್ಣಿಮೆ ಅಂತ ಲೆಕ್ಕ ಇಡೋಣ? ಹೋಗಲಿ, ಭಾನುವಾರವಾದರೂ ಸಿಗುತ್ತದೆಯೇ ಅಂದರೆ ಅದೂ ಕಷ್ಟ. ಮಂಗಳದಲ್ಲಿ 37 ದಿನ ಕಳೆಯುವಷ್ಟರಲ್ಲಿ ಭೂಮಿಯಲ್ಲಿ 38 ದಿನ ಆಗಿರುತ್ತದೆ. ಇಲ್ಲಿ ಸೋಮವಾರ ಬಂದಿದೆ, ಅಲ್ಲಿ ಇನ್ನೂ ಭಾನುವಾರ. ಹಾಗಾದರೆ ಆರಾಧನೆಗೆ ಸೇರುವುದು ಯಾವತ್ತು?

ದೂರದ ಭವಿಷ್ಯದಲ್ಲಿ ನಡೆಯುವ ಕ್ರೈಸ್ತ ವಿಜ್ಞಾನ ಕಥೆ ಬರೆಯಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಕೊಡುವ ಪ್ರಶ್ನೆ ಇದು. ಯಾಕೆಂದರೆ ಈ ಬಗೆಯ ಕಥೆಗಳಲ್ಲಿ ಬಹಳಷ್ಟು ಸೋಲುವುದು ಒಂದೇ ಕಾರಣಕ್ಕೆ. ಇವತ್ತಿನ ಚರ್ಚನ್ನು ಹಾಗೇ ಎತ್ತಿ ಅಂತರಿಕ್ಷ ನೌಕೆಯೊಳಗೆ ಇಟ್ಟಿರುತ್ತಾರೆ. ಹತ್ತು ಸಾವಿರ ವರ್ಷ ಕಳೆದಿದೆ. ಎಂಜಿನ್ ಬದಲಾಗಿದೆ, ಆಯುಧ ಬದಲಾಗಿದೆ. ಪಾದ್ರಿಯ ಮಾತು, ಬೆಂಚು, ಹಾಡು ಯಾವುದೂ ಬದಲಾಗಿಲ್ಲ. ಇದನ್ನು ಓದುಗ ನಂಬುವುದಿಲ್ಲ. ಕ್ರೈಸ್ತ ಓದುಗನಂತೂ ಇನ್ನೂ ಬೇಗ ಹಿಡಿದುಬಿಡುತ್ತಾನೆ. ತನ್ನ ಸಭೆ ಎರಡೇ ಸಾವಿರ ವರ್ಷದಲ್ಲಿ ಎಷ್ಟು ಬದಲಾಗಿದೆ ಅನ್ನುವುದು ಅವನಿಗೆ ಗೊತ್ತಿರುತ್ತದೆ, ಅಲ್ವಾ?

ನನ್ನ ಅಭಿಪ್ರಾಯ ಇಷ್ಟೇ. ಇಂಥ ಕಥೆಯಲ್ಲಿ ನಂಬಿಕೆ ಪಾತ್ರಗಳ ಭಾಷಣದಲ್ಲಿ ಇರಬಾರದು, ಅವರು ಕೈಯಾರೆ ಮಾಡುವ ಕೆಲಸದಲ್ಲಿ ಇರಬೇಕು. ರೊಟ್ಟಿ ಮುರಿಯುವುದು, ವಿಶ್ರಾಂತಿಯ ದಿನ ಇಟ್ಟುಕೊಳ್ಳುವುದು, ಮಗುವಿಗೆ ದೀಕ್ಷಾಸ್ನಾನ ಕೊಡುವುದು, ಸತ್ತವರನ್ನು ಕಳಿಸಿಕೊಡುವುದು. ಇವೆಲ್ಲ ವಸ್ತು ಬೇಡುವ ಕೆಲಸಗಳು. ಅವಕ್ಕೆ ನೀರು ಬೇಕು, ಗೋಧಿ ಬೇಕು, ದ್ರಾಕ್ಷಿ ಬೇಕು, ಹೊತ್ತು ಬೇಕು. ಹೊಸ ಗ್ರಹದಲ್ಲಿ ಈ ವಸ್ತುಗಳು ಸಿಗದೇ ಇದ್ದಾಗ ಏನಾಗುತ್ತದೆ ಅಂತ ಕೇಳಿ. ಕಥೆ ತಾನಾಗಿ ಮುಂದೆ ಹೋಗುತ್ತದೆ.

ಇದು ಬರೀ ಕಲ್ಪನೆಯೂ ಅಲ್ಲ. 1969ರ ಜುಲೈ 20ರಂದು ಚಂದ್ರನ ಮೇಲೆ ಇಳಿದ ಬಜ್ ಆಲ್ಡ್ರಿನ್ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರು. ಹೊರಗೆ ಕಾಲಿಡುವ ಮೊದಲು, ನೌಕೆಯೊಳಗೇ ಅವರು ಪ್ರಭು ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಸೇವಿಸುವ ವಿಧಿ, ತೆಗೆದುಕೊಂಡರು. ಚೂರು ರೊಟ್ಟಿ, ಪುಟ್ಟ ಬಟ್ಟಲಿನಲ್ಲಿ ದ್ರಾಕ್ಷಾರಸ. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು ಪಾಲು. ದ್ರಾಕ್ಷಾರಸ ಬಟ್ಟಲಿನ ಅಂಚಿನಗುಂಟ ನಿಧಾನಕ್ಕೆ ಸುರುಳಿಯಾಗಿ ಮೇಲೇರಿತು ಅಂತ ಅವರೇ ಆಮೇಲೆ ಬರೆದರು. ನೋಡಿ, ಇಡೀ ಅಧ್ಯಾಯದಲ್ಲಿ ದೇವರ ಮಹಿಮೆ ವರ್ಣಿಸಿದರೂ ಆ ಸುರುಳಿ ಮಾಡುವ ಕೆಲಸ ಆಗುವುದಿಲ್ಲ. ನಂಬಿಕೆಯೂ ಭೌತಶಾಸ್ತ್ರವೂ ಒಂದೇ ಬಟ್ಟಲಿನಲ್ಲಿವೆ.

ಕ್ಯಾಥೊಲಿಕ್ ಸಭೆಯ ನಿಯಮದ ಪ್ರಕಾರ ಪರಮಪ್ರಸಾದದ, ಅಂದರೆ ಇದೇ ಪ್ರಭು ಭೋಜನದ, ರೊಟ್ಟಿ ಗೋಧಿಯದ್ದೇ ಆಗಬೇಕು, ದ್ರಾಕ್ಷಾರಸ ದ್ರಾಕ್ಷಿಯದ್ದೇ ಆಗಬೇಕು. ನಿಮ್ಮ ಕಥೆಯ ಗ್ರಹದಲ್ಲಿ ಗೋಧಿ ಬೆಳೆಯುವುದಿಲ್ಲ ಅಂದುಕೊಳ್ಳಿ. ಹಡಗಿನಲ್ಲಿ ತಂದ ಬೀಜ ಒಂದು ಡಬ್ಬಿಯಷ್ಟು ಉಳಿದಿದೆ. ಹಸಿದ ವರ್ಷ ಬಂದಿದೆ. ಆ ಡಬ್ಬಿಯನ್ನು ಕಾಯುವ ಹೆಂಗಸು ಏನು ಮಾಡುತ್ತಾಳೆ? ಬಿತ್ತುತ್ತಾಳಾ, ಬೇಯಿಸುತ್ತಾಳಾ, ಬಲಿಪೀಠಕ್ಕೆ ಕೊಡುತ್ತಾಳಾ? ಇಲ್ಲಿ ಖಳನಾಯಕನೇ ಬೇಕಾಗಿಲ್ಲ.

ಇನ್ನು ದೂರ. ನಮ್ಮ ಸೂರ್ಯನ ಪಕ್ಕದ ನಕ್ಷತ್ರ ಪ್ರಾಕ್ಸಿಮಾ. ಬೆಳಕಿಗೇ ಅಲ್ಲಿಂದ ಬರಲು 4.24 ವರ್ಷ ಬೇಕು. ವಾಯೇಜರ್ 1 ನೌಕೆಯ ವೇಗದಲ್ಲಿ ಹೊರಟರೆ ಎಪ್ಪತ್ತು ಸಾವಿರ ವರ್ಷಕ್ಕೂ ಜಾಸ್ತಿ. ಬೈಬಲಿನ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಪತ್ರ ಬರೆದಾಗ, ಅದು ತಲುಪುವ ಹೊತ್ತಿಗೆ ಜಗಳ ಆಡುತ್ತಿದ್ದವರು ಬದುಕಿದ್ದರು. ಅರವತ್ತು ಬೆಳಕಿನ ವರ್ಷ ದೂರದ ಸಭೆಯೊಂದು ಹಿರಿಯರಿಗೆ ಒಂದು ಪ್ರಶ್ನೆ ಕಳಿಸಿದರೆ, ಉತ್ತರ ಬರುವುದು 120 ವರ್ಷಕ್ಕೆ. ಕೇಳಿದವನ ಮರಿಮಕ್ಕಳು ಅದನ್ನು ಓದುತ್ತಾರೆ. ಅಷ್ಟರಲ್ಲಿ ಅವರು ತಮ್ಮದೇ ಒಂದು ದಾರಿ ಹಿಡಿದಿರುತ್ತಾರೆ. ಉತ್ತರ ಅದಕ್ಕೆ ವಿರುದ್ಧವಾಗಿದ್ದರೆ ಯಾರ ಮಾತು ನಡೆಯಬೇಕು? ಸಭೆಯ ಅಧಿಕಾರದ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗಂತೂ ತೋಚುವುದಿಲ್ಲ.

ವೇಗ ಹೆಚ್ಚಿಸಿದರೆ ಇನ್ನೊಂದು ತಾಪತ್ರಯ. ಬೆಳಕಿನ ವೇಗದ ನೂರಕ್ಕೆ 99ರಷ್ಟು ವೇಗದಲ್ಲಿ ಹೋಗುವವರಿಗೆ ಒಂದು ವರ್ಷ ಕಳೆದರೆ, ಉಳಿದವರಿಗೆ ಸುಮಾರು ಏಳು ವರ್ಷ ಕಳೆಯುತ್ತದೆ. ಒಬ್ಬ ಪಾದ್ರಿ ಕೂಸಿಗೆ ದೀಕ್ಷಾಸ್ನಾನ ಕೊಟ್ಟು ಹೊರಡುತ್ತಾರೆ. ಅವರ ಗಡಿಯಾರದಲ್ಲಿ ಮೂರು ವರ್ಷ. ವಾಪಸ್ ಬಂದಾಗ ಬಾಗಿಲು ತೆಗೆಯುವುದು 21 ವರ್ಷದ ಯುವತಿ. ‘ಯಾರು ಬೇಕಿತ್ತು?’ ಅಂತಾಳೆ. ಆ ಕೂಸು ತುಟಿಗೆ ನೀರು ತಾಗಿದಾಗ ಹೇಗೆ ಮುಖ ಕಿವುಚಿತ್ತು ಅನ್ನುವುದು ಅವರ ಕಣ್ಣಲ್ಲಿ ಇನ್ನೂ ಇದೆ. ಅವಳಿಗೆ ಅವರ ಹೆಸರೂ ಗೊತ್ತಿಲ್ಲ. ಆ ಬಾಗಿಲಲ್ಲಿ ಇಬ್ಬರನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ. ಸಿದ್ಧಾಂತ ವಿವರಿಸಲು ಓಡಬೇಡಿ.

ಕ್ರೈಸ್ತ ಲೇಖಕರಿಗೆ ಮಾತ್ರ ಎದುರಾಗುವ ಒಂದು ಕಷ್ಟ ಇದೆ, ಎರಡನೇ ಬರೋಣ, ಅಂದರೆ ಕರ್ತನಾದ ಯೇಸು ಮತ್ತೆ ಬರುತ್ತಾನೆ ಅನ್ನುವ ನಂಬಿಕೆ. ಕಥೆ ಕ್ರಿ.ಶ. 20,000ದಲ್ಲಿ ನಡೆದರೆ, ಅಷ್ಟು ದಿನ ಕರ್ತನು ಬಂದಿಲ್ಲ ಅಂತ ಆಯಿತು. ಕೆಲವು ಓದುಗರಿಗೆ ಇದು ಹಿಡಿಸುವುದೇ ಇಲ್ಲ. ಆ ದಿನವಾಗಲಿ ಆ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ ಅಂತ ಮಾರ್ಕನ ಸುವಾರ್ತೆಯ 13ನೇ ಅಧ್ಯಾಯವೇ ಹೇಳುತ್ತದೆ, ಹಾಗಾಗಿ ಲೇಖಕರಿಗೆ ಜಾಗ ಇದೆ. ಆದರೆ ಆ ಜಾಗವನ್ನು ಸುಮ್ನೆ ದಾಟಿ ಹೋಗಬಾರದು. ಸುಮಾರು ಇಪ್ಪತ್ತು ಸಾವಿರ ವರ್ಷ ಕಾದ ಜನ ಹೇಗೆ ಕಾಯುತ್ತಾರೆ? ಕೆಲವರಿಗೆ ಸುಸ್ತಾಗಿರುತ್ತದೆ. ಕೆಲವರು ಕಾಯುವುದನ್ನೇ ಒಂದು ವಿಧಿ ಮಾಡಿಕೊಂಡಿರುತ್ತಾರೆ. ಕರ್ತನು ಬಂದರೆ ಭೂಮಿಗೆ ಮಾತ್ರ ಬರುತ್ತಾನಾ, ನಮ್ಮಲ್ಲಿಗೂ ಬರುತ್ತಾನಾ ಅಂತ ಮಕ್ಕಳು ಕೇಳುತ್ತಾರೆ. ದೊಡ್ಡವರ ಹತ್ತಿರ ಉತ್ತರ ಇರುವುದಿಲ್ಲ.

ಅನ್ಯಗ್ರಹ ಜೀವಿಗಳ ವಿಷಯ ಚೆನ್ನಾಗಿಯೇ ಉತ್ತು ಬೆಳೆದ ಹೊಲ. ಸಿ. ಎಸ್. ಲೂಯಿಸ್ 1938ರಲ್ಲೇ ಪಾಪಕ್ಕೆ ಬೀಳದ ಜೀವಿಗಳು ವಾಸಿಸುವ ಮಂಗಳವನ್ನು ಕಾದಂಬರಿಯಲ್ಲಿ ತೋರಿಸಿದರು. ಹೊಸಬರು ಅಲ್ಲಿಗೇ ಮತ್ತೆ ಹೋಗಬೇಕಾಗಿಲ್ಲ. ನನಗೆ ಹೆಚ್ಚು ಕಲಿಸಿದವರು ಅಮೆರಿಕದ ಲೇಖಕ ವಾಲ್ಟರ್ ಮಿಲ್ಲರ್. ಎರಡನೇ ಮಹಾಯುದ್ಧದಲ್ಲಿ ಅವರು ಬಾಂಬರ್ ವಿಮಾನದ ಸಿಬ್ಬಂದಿಯಲ್ಲಿದ್ದರು. 1944ರಲ್ಲಿ ಇಟಲಿಯ ಮೋಂಟೆ ಕಸಿನೋ ಬೆಟ್ಟದ ಪುರಾತನ ಮಠವನ್ನು ಪುಡಿ ಮಾಡಿದ ದಾಳಿಯಲ್ಲಿ ಅವರೂ ಇದ್ದರು. ಯುದ್ಧ ಮುಗಿದ ಮೇಲೆ ಕ್ಯಾಥೊಲಿಕ್ ಆದರು. ಆಮೇಲೆ ಬರೆದ ಕಾದಂಬರಿಗೆ 1961ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಆ ಕಥೆಯಲ್ಲಿ, ಅಣುಯುದ್ಧಕ್ಕೆ ಜಗತ್ತು ಸುಟ್ಟು ನೂರಾರು ವರ್ಷವಾಗಿದೆ. ಒಬ್ಬ ಸನ್ಯಾಸಿ ಹಳೇ ವಿದ್ಯುತ್ ಸರ್ಕ್ಯೂಟಿನ ನಕ್ಷೆಯೊಂದನ್ನು ವರ್ಷಗಟ್ಟಲೆ ಕೂತು ನಕಲು ಮಾಡುತ್ತಾನೆ. ಅದೇನು ಅಂತ ಅವನಿಗೆ ಗೊತ್ತಿಲ್ಲ. ಪವಿತ್ರ ಗ್ರಂಥಕ್ಕೆ ಮಾಡುವ ಹಾಗೆ ಅದಕ್ಕೂ ಚಿನ್ನದ ಅಲಂಕಾರ ಮಾಡುತ್ತಾನೆ. ನಂಬಿಕೆ ಕೈಯ ಕೆಲಸದಲ್ಲಿ ಇರಬೇಕು ಅಂದೆನಲ್ಲ, ಇದೇ ಅದು.

ಬರೆದ ಮೇಲೆ ಪ್ರಕಟಣೆ. ಇಲ್ಲಿ ಅತ್ತ ದರಿ, ಇತ್ತ ಪುಲಿ. ವಿಜ್ಞಾನ ಕಥೆಯ ಪ್ರಕಾಶಕರಿಗೆ ಪ್ರಾರ್ಥನೆ ಜಾಸ್ತಿ ಅನ್ನಿಸುತ್ತದೆ. ಕ್ರೈಸ್ತ ಪ್ರಕಾಶಕರಿಗೆ ಗ್ರಹಗಳು ಜಾಸ್ತಿ ಅನ್ನಿಸುತ್ತವೆ. ಈ ಸಂದಿನಲ್ಲೇ ಅಮೆರಿಕದಲ್ಲಿ 2008ರಲ್ಲಿ ಮಾರ್ಚರ್ ಲಾರ್ಡ್ ಪ್ರೆಸ್ ಅಂತ ಒಂದು ಸಣ್ಣ ಪ್ರಕಾಶನ ಶುರುವಾಯಿತು. ಈಗ ಅದರ ಹೆಸರು ಎನ್‌ಕ್ಲೇವ್. ಆದರೂ ಹೆಚ್ಚಿನವರಿಗೆ ಉಳಿಯುವ ದಾರಿ ಸ್ವಂತ ಪ್ರಕಟಣೆಯೇ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಪಾದ್ರಿಯಾಗಲು ಹೊರಟು ಖಗೋಳಶಾಸ್ತ್ರಜ್ಞನಾದ ಯೋಹಾನ್ಸ್ ಕೆಪ್ಲರ್ ಚಂದ್ರಯಾನದ ಕಥೆಯೊಂದನ್ನು ಬರೆದು, ಸಾಗಾನ್ ಊರಲ್ಲಿ ತಾನೇ ಹಾಕಿಸಿಕೊಂಡಿದ್ದ ಅಚ್ಚುಕೂಟದಲ್ಲಿ ಮುದ್ರಣ ಶುರು ಮಾಡಿದ. 1630ರಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದ ಅಳಿಯನೂ ತೀರಿಹೋದ. ಕೊನೆಗೆ 1634ರಲ್ಲಿ ಮಗ ಅದನ್ನು ಹೊರತಂದ. ಅಂದಹಾಗೆ, ಆ ಪುಟ್ಟ ಕಥೆಗೆ ಕೆಪ್ಲರ್ ಬರೆದ ಟಿಪ್ಪಣಿಗಳು 223. ಒಳ್ಳೆಯ ಸಂಪಾದಕ ಇದ್ದಿದ್ದರೆ ಖಂಡಿತ ಕತ್ತರಿಸುತ್ತಿದ್ದ!

ಈಗ ಅಚ್ಚುಕೂಟ ಬೇಡ. 2007ರಲ್ಲಿ ಅಮೆಜಾನ್ ಕಿಂಡಲ್ ಬಂದಾಗಿನಿಂದ ಯಾರು ಬೇಕಾದರೂ ಪುಸ್ತಕ ಏರಿಸಬಹುದು. ಇ-ಪುಸ್ತಕದ ಬೆಲೆ ಅವರು ಹೇಳಿದ ಮಿತಿಯೊಳಗೆ ಇದ್ದರೆ ಲೇಖಕರಿಗೆ ನೂರಕ್ಕೆ 70 ರಾಯಲ್ಟಿ, ಇಲ್ಲದಿದ್ದರೆ 35. ಚಂದಾದಾರರು ಓದುವ ಯೋಜನೆಗೆ ಸೇರಿಸಿದರೆ, 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ. ಇದನ್ನು ಓದದೇ ಒಪ್ಪಿಗೆ ಒತ್ತುವವರು ಬಹಳ.

ಎಲ್ಲರೂ ಮರೆಯುವ ಒಂದು ಸಂಗತಿ ಬೈಬಲ್ ವಚನಗಳದ್ದು. ಹೊಸ ಅನುವಾದಗಳಿಗೆ ಕಾಪಿರೈಟ್ ಇರುತ್ತದೆ. ಉದಾಹರಣೆಗೆ ಇಂಗ್ಲಿಷಿನ ಎನ್‌ಐವಿ ಅನುವಾದದಿಂದ 500 ವಚನದವರೆಗೆ ಲಿಖಿತ ಅನುಮತಿ ಇಲ್ಲದೇ ಬಳಸಬಹುದು. ಅದಕ್ಕೂ ಶರತ್ತು ಇದೆ. ಆ ವಚನಗಳು ನಿಮ್ಮ ಪುಸ್ತಕದ ಕಾಲು ಭಾಗ ಆಗಬಾರದು, ಬೈಬಲಿನ ಒಂದು ಪೂರ್ತಿ ಪುಸ್ತಕವೂ ಆಗಬಾರದು. ಕಾಪಿರೈಟ್ ಸೂಚನೆಯನ್ನೂ ಹಾಕಬೇಕು. ನನ್ನನ್ನು ಕೇಳಿದರೆ, ಇಪ್ಪತ್ತನೇ ಸಾವಿರ ವರ್ಷದ ಮನುಷ್ಯ ನಮ್ಮ ಕಾಲದ ಅನುವಾದವನ್ನು ಯಾಕೆ ಹೇಳಬೇಕು? ಅವನ ಬಾಯಿಯಲ್ಲಿ ಸವೆದು ಬಂದ ಕೀರ್ತನೆಯನ್ನು ನೀವೇ ಕಟ್ಟಿ. ಕುರುಬ, ಕುರಿ ಕಾಣದ ಲೋಕದಲ್ಲಿ, ದೇವರನ್ನು ಕುರುಬ ಅನ್ನುವ 23ನೇ ಕೀರ್ತನೆ ಯಾವ ರೂಪ ತಾಳಿರಬಹುದು? ಹೀಗೆ ಮಾಡಿದರೆ ಅನುಮತಿಯ ತಲೆನೋವು ಇಲ್ಲ, ಕಥೆಗೂ ಮೆರುಗು.

ಸ್ವಂತ ಪ್ರಕಟಣೆಯಲ್ಲಿ ‘ಇಲ್ಲ’ ಅನ್ನುವವರು ಯಾರೂ ಇರುವುದಿಲ್ಲ. ಆ ಕೆಲಸಕ್ಕೆ ಇಬ್ಬರನ್ನು ಹುಡುಕಿಕೊಳ್ಳಿ. ಒಬ್ಬರು ದೈವಶಾಸ್ತ್ರ ಬಲ್ಲ ವಿಶ್ವಾಸಿ. ಇನ್ನೊಬ್ಬರು ದೇವರನ್ನು ನಂಬದ, ಆದರೆ ವಿಜ್ಞಾನ ಕಥೆಗಳನ್ನು ಅರೆದು ಕುಡಿದವರು. ಎರಡನೆಯವರು ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. ನಿಮ್ಮ ಕಥೆಯಲ್ಲಿ ನಾಸ್ತಿಕ ವಿಜ್ಞಾನಿಯೊಬ್ಬ ಬರೀ ಮೂರ್ಖನಾಗಿದ್ದು, ಕೊನೇ ಅಧ್ಯಾಯದಲ್ಲಿ ಮೊಣಕಾಲೂರಿ ಅಳುತ್ತಿದ್ದರೆ, ಅವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಲಿ ಬಿಡಿ ಅನ್ನಬೇಡಿ. ಆ ವಿಜ್ಞಾನಿಗೆ ನಿಮ್ಮ ನಾಯಕನಿಗಿಂತ ಒಳ್ಳೆಯ ವಾದ ಕೊಡಿ.

ಮುಖಪುಟಕ್ಕೆ ಹಣ ಉಳಿಸಬೇಡಿ. ಗ್ರಹದ ಮೇಲೆ ದೊಡ್ಡ ಶಿಲುಬೆ ಹಾಕಿಸಿದರೆ ಅದು ಭಕ್ತಿ ಪುಸ್ತಕದಂತೆ ಕಾಣುತ್ತದೆ. ಬರೀ ನೌಕೆ, ಬೆಂಕಿ ಹಾಕಿಸಿದರೆ ಯುದ್ಧದ ಕಥೆ ಅಂದುಕೊಂಡು ಕೊಂಡವರು ಸಿಟ್ಟಾಗುತ್ತಾರೆ. ಮುದ್ರಿತ ಪ್ರತಿಯಲ್ಲಿ ಬೆನ್ನುಪಟ್ಟಿಯ ಅಗಲ ಪುಟಗಳ ಸಂಖ್ಯೆಗೆ ತಕ್ಕಂತೆ ಇರುತ್ತದೆ. ಹಾಗಾಗಿ ಒಳಪುಟಗಳ ತಿದ್ದುಪಡಿ ಪೂರ್ತಿ ಮುಗಿಯುವ ತನಕ ಮುಖಪುಟವನ್ನು ಅಂತಿಮ ಮಾಡಬೇಡಿ. ಪುಸ್ತಕದ ಅಂಗಡಿಗಳು ಬಳಸುವ ವಿಷಯ ಪಟ್ಟಿಯಲ್ಲಿ ಕ್ರಿಶ್ಚಿಯನ್ ಕಾದಂಬರಿಯ ಕೆಳಗೆ ‘ಫ್ಯೂಚರಿಸ್ಟಿಕ್’ ಅಂತಲೇ ಒಂದು ವಿಭಾಗ ಇದೆ. ಅದನ್ನೂ ಆರಿಸಿ, ವಿಜ್ಞಾನ ಕಥೆಯ ವಿಭಾಗವನ್ನೂ ಆರಿಸಿ.

ಕೊನೆಯದಾಗಿ ಮಾದರಿ ಪುಟಗಳು. ಇ-ಪುಸ್ತಕದ ಮೊದಲ ಕೆಲವು ಪುಟಗಳನ್ನು ಓದುಗರು ಪುಕ್ಕಟೆ ನೋಡಬಹುದು, ಕೊಳ್ಳುವುದು ಬಿಡುವುದು ಅಲ್ಲೇ ತೀರ್ಮಾನವಾಗುತ್ತದೆ. ಇಪ್ಪತ್ತು ಸಾವಿರ ವರ್ಷದ ಇತಿಹಾಸ ಕಟ್ಟಿದವರಿಗೆ ಅದೆಲ್ಲವನ್ನೂ ಮೊದಲೇ ಹೇಳಿಬಿಡುವ ಆಸೆ. ಕಾಲಪಟ್ಟಿ, ನಕ್ಷೆ, ಪದಕೋಶ, ಕೃತಜ್ಞತೆ ಎಲ್ಲ ಮುಂದೆ ತುಂಬಿಸುತ್ತಾರೆ. ಕಥೆ ಶುರುವಾಗುವ ಮೊದಲೇ ಮಾದರಿ ಮುಗಿದುಹೋಗುತ್ತದೆ. ಅವನ್ನೆಲ್ಲ ಪುಸ್ತಕದ ಹಿಂದಕ್ಕೆ ತಳ್ಳಿ. ಮೊದಲ ಪುಟದಲ್ಲೇ ಆ ಹೆಂಗಸು ಗೋಧಿಯ ಡಬ್ಬಿ ಹಿಡಿದು ನಿಂತಿರಲಿ, ಹೊರಗೆ ಜನ ಬಾಗಿಲು ಬಡಿಯುತ್ತಿರಲಿ.

ನಮಸ್ಕಾರ.