ಮುಖದ ಮೇಲೆ ಐದು ಬೆಟ್ಟ, ನಾಲ್ಕು ನದಿ

ಎಲ್ಲರಿಗೂ ನಮಸ್ಕಾರ.

ಫೆಂಗ್ ಶುಯಿ ಅಂದರೆ ನಮ್ಮಲ್ಲಿ ಲಾಫಿಂಗ್ ಬುದ್ಧ, ಮೂರು ಕಾಲಿನ ಕಪ್ಪೆ, ಬಾಗಿಲಿಗೆ ತೂಗುಹಾಕುವ ಗಂಟೆ, ಇಷ್ಟೇ. ಅದನ್ನೇ ಮೇಕಪ್ಪಿಗೆ ತಂದವರು "ಈ ಬಣ್ಣದ ಲಿಪ್‌ಸ್ಟಿಕ್ ಹಚ್ಚಿ, ದುಡ್ಡು ಬರುತ್ತೆ" ಅನ್ನುತ್ತಾರೆ. ಲಿಪ್‌ಸ್ಟಿಕ್ಕಿನಿಂದ ದುಡ್ಡು ಬರುತ್ತೆ ಅಂತ ನಾನು ನಂಬುವುದಿಲ್ಲ, ನಿಮಗೂ ಹೇಳುವುದಿಲ್ಲ. ಆದರೆ ಕೂದಲು, ಮುಖ, ಬಟ್ಟೆ ಮೂರನ್ನೂ ಒಟ್ಟಿಗೆ ನೋಡುವ ಒಂದು ಕ್ರಮ ಅದರಲ್ಲಿ ಇದೆ. ಪಾರ್ಲರಿನಲ್ಲಿ ಕೆಲಸ ಮಾಡುವ ನಮಗೆ ಬೇಕಾಗಿರುವುದು ಆ ಕಣ್ಣು.

ಚೀನಾದಲ್ಲಿ ಈ ವಿದ್ಯೆ ಬೆಳೆದದ್ದು ಜಾಗ ಆರಿಸುವುದಕ್ಕೆ. ಸಮಾಧಿ ಎಲ್ಲಿ ಮಾಡಬೇಕು, ಮನೆ ಎಲ್ಲಿ ಕಟ್ಟಬೇಕು ಅಂತ. ಬೆನ್ನಿಗೆ ಬೆಟ್ಟ ಇರಬೇಕು, ಮುಂದೆ ನೀರಿರಬೇಕು, ನಡುವೆ ತೆರೆದ ಜಾಗ ಇರಬೇಕು. ಬೀಜಿಂಗಿನ ಫರ್ಬಿಡನ್ ಸಿಟಿ ಅರಮನೆಯ ಹಿಂದೆ ಜಿಂಗ್‌ಶಾನ್ ಗುಡ್ಡ ಇದೆ, ಅದು ತಾನಾಗಿ ಇದ್ದ ಗುಡ್ಡ ಅಲ್ಲ, ಮಣ್ಣು ಸುರಿದು ಮಾಡಿದ್ದು. ಒಳಗೆ ಮುಂಭಾಗದಲ್ಲಿ ಒಂದು ಕಾಲುವೆ ಹರಿಸಿದ್ದಾರೆ. 'ಚಿ' ಅನ್ನುವ ಉಸಿರಿನಂಥ ಶಕ್ತಿ ಒಂದು ಕಡೆ ಕಟ್ಟಿಕೊಳ್ಳಲೂ ಬಾರದು, ಸುಮ್ನೆ ರಭಸದಿಂದ ಹರಿದು ಹೋಗಲೂ ಬಾರದು. ಲೆಕ್ಕ ಇಷ್ಟೇ.

ಈಗ ಮುಖಕ್ಕೆ ಬನ್ನಿ. ನಮ್ಮ ಸಾಮುದ್ರಿಕದ ಹಾಗೆ ಅವರಿಗೂ ಮುಖ ನೋಡಿ ಹೇಳುವ ಹಳೆಯ ವಿದ್ಯೆ ಇದೆ. ಅದು ಮುಖವನ್ನೂ ನೆಲದ ಹಾಗೇ ಓದುತ್ತದೆ. ಚೀನಾದ ಐದು ಪವಿತ್ರ ಬೆಟ್ಟಗಳು ಮುಖದ ಮೇಲಿವೆ ಅನ್ನುತ್ತದೆ. ಹಣೆ ದಕ್ಷಿಣದ ಹೆಂಗ್‌ಶಾನ್. ಗದ್ದ ಉತ್ತರದ ಇನ್ನೊಂದು ಹೆಂಗ್‌ಶಾನ್. ಎಡಗೆನ್ನೆಯ ಮೂಳೆ ಪೂರ್ವದ ತಾಯ್‌ಶಾನ್, ಬಲಗೆನ್ನೆಯದು ಪಶ್ಚಿಮದ ಹುವಾಶಾನ್. ನಡುವೆ ಮೂಗು, ಅದು ಶಾವೊಲಿನ್ ಮಠ ಇರುವ ಸೋಂಗ್‌ಶಾನ್. ದಕ್ಷಿಣ ಯಾಕೆ ಮೇಲೆ ಬಂತು ಅಂತ ಕೇಳಬೇಡಿ, ಅವರ ಹಳೆಯ ದಿಕ್ಕಿನ ಚಿತ್ರಗಳಲ್ಲಿ ದಕ್ಷಿಣವೇ ಮೇಲೆ. ಇನ್ನು ನಾಲ್ಕು ನದಿಗಳು. ಕಿವಿ ಯಾಂಗ್ಟ್ಸೆ, ಕಣ್ಣು ಹಳದಿ ನದಿ, ಬಾಯಿ ಹುವಾಯ್, ಮೂಗಿನ ಹೊಳ್ಳೆಗಳು ಜಿ ನದಿ.

ನೀವು ಹೊಳಪಿಗೆ ಹೈಲೈಟರ್ ಹಚ್ಚುವ ಜಾಗಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹಣೆ, ಮೂಗಿನ ದಂಡೆ, ಎರಡು ಕೆನ್ನೆಮೂಳೆ, ಗದ್ದ. ಅದೇ ಐದು ಬೆಟ್ಟ, ಅಲ್ವಾ? ಬೆಳಕು ಬೀಳಬೇಕಾದ್ದು ಎತ್ತರದ ಮೇಲೆ. ಹರಿಯುವ ಜಾಗ ಮುಚ್ಚಬಾರದು. ಕಾಡಿಗೆಯಿಂದ ಕಣ್ಣಿನ ಎರಡೂ ಕೊನೆ ಕಟ್ಟಿ ಹಾಕಿದರೆ ಕಣ್ಣು ಚಿಕ್ಕದಾಗುತ್ತದೆ, ಹೊರಗಿನ ಕೊನೆಯನ್ನು ಸ್ವಲ್ಪ ಬಿಟ್ಟರೆ ನೋಟ ಹರಿಯುತ್ತದೆ. ಎರಡೂ ಕಿವಿ ಕೂದಲಲ್ಲಿ ಮುಳುಗಿದರೆ ಮುಖ ಎರಡೂ ಕಡೆಯಿಂದ ಒತ್ತಿದಂತೆ ಕಾಣುತ್ತದೆ, ಒಂದು ಕಿವಿಯಾದರೂ ತೆರೆದಿರಲಿ. ಆ ವಿದ್ಯೆಯಲ್ಲಿ ಇನ್ನೊಂದು ಮಾತಿದೆ, ಮಧ್ಯದ ಬೆಟ್ಟ ಒಂಟಿಯಾಗಿ ನಿಲ್ಲಬಾರದು ಅಂತ. ಈಗ ಮೂಗಿಗೆ ಮಾತ್ರ ಎರಡು ಕಡೆ ಕಂದು ಗೆರೆ ಎಳೆದು ಕೆನ್ನೆ, ಗದ್ದ ಹಾಗೇ ಚಪ್ಪಟೆ ಬಿಡುವ ಮೇಕಪ್ ಜಾಸ್ತಿ ಆಗಿದೆ. ಫೋಟೋದಲ್ಲಿ ಮೂಗೊಂದೇ ಎದ್ದು ಬರುತ್ತದೆ. ದಯವಿಟ್ಟು ಬಿಡಿ ಅದನ್ನು.

ಎರಡು ಹುಬ್ಬುಗಳ ನಡುವಿನ ಜಾಗಕ್ಕೆ ಯಿನ್‌ಟಾಂಗ್ ಅನ್ನುತ್ತಾರೆ. ನಾವು ಕುಂಕುಮ ಇಡುವ ಜಾಗವೇ. ಅದು ಬೆಳಕಾಗಿ, ಸ್ವಚ್ಛವಾಗಿ ಇರಬೇಕು ಅನ್ನುವುದರಿಂದಲೇ ಹಣೆ ಪೂರ್ತಿ ಮುಚ್ಚುವ ಮುಂಗೂದಲು, ಅಂದರೆ ಫ್ರಿಂಜ್, ಬೇಡ ಅಂತ ಅಲ್ಲಿನ ಹಿರಿಯರು ಹೇಳುವುದು. ಹಣೆ ಅಗಲ ಇದ್ದು ಫ್ರಿಂಜ್ ಬೇಕೇ ಬೇಕು ಅನ್ನುವವರಿಗೆ ನಡುವೆ ಸೀಳಿ ಎರಡು ಬದಿಗೆ ಇಳಿಬಿಡಿ, ನಡುಹಣೆ ಕಾಣುತ್ತದೆ. ಇದೇ ಜಾಗದಲ್ಲಿ ಚೀನಾದ ತಾಂಗ್ ರಾಜರ ಕಾಲದ ಹೆಂಗಸರು ಹೂವಿನ ಚಿತ್ರ ಅಂಟಿಸಿಕೊಳ್ಳುತ್ತಿದ್ದರು. ಶೌಯಾಂಗ್ ಅನ್ನುವ ರಾಜಕುಮಾರಿಯ ಹಣೆ ಮೇಲೆ ಪ್ಲಮ್ ಹೂ ಬಿದ್ದು ಗುರುತು ಉಳಿಯಿತು, ಅದನ್ನು ನೋಡಿ ಉಳಿದವರೂ ಶುರು ಮಾಡಿದರು ಅಂತ ಕಥೆ.

ಕೂದಲು ಕತ್ತರಿಸುವುದಕ್ಕೂ ಅಲ್ಲಿ ದಿನ ನೋಡುತ್ತಾರೆ. ಹೊಸ ವರ್ಷಕ್ಕೆ ಮೊದಲೇ ಕತ್ತರಿಸಿಕೊಳ್ಳಬೇಕು. ಚಾಂದ್ರಮಾನದ ಮೊದಲ ತಿಂಗಳು ಕತ್ತರಿಸಿದರೆ ಸೋದರಮಾವನಿಗೆ ಕೇಡು ಅನ್ನುವ ನಂಬಿಕೆ. ಎರಡನೇ ತಿಂಗಳ ಎರಡನೇ ದಿನ ಬಂತು ಅಂದರೆ ಸಲೂನುಗಳ ಮುಂದೆ ಸಾಲು. ನಮ್ಮಲ್ಲಿ ಮಂಗಳವಾರ ಕೂದಲು ಕತ್ತರಿಸಬಾರದು ಅನ್ನುವ ಹಾಗೇ ಇದೂ.

ಬಣ್ಣದ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಹೋಗೋಣ, ಜನ ಎಡವುವುದು ಇಲ್ಲೇ. ಅವರ ಐದು ತತ್ವ ನಮ್ಮ ಪಂಚಭೂತ ಅಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು. ಬಣ್ಣ ಹಸಿರು, ಕೆಂಪು, ಹಳದಿ, ಬಿಳಿ, ಕಪ್ಪು. ಆಕಾರವೂ ಇದೆ: ಮರ ಉದ್ದಕ್ಕೆ, ಬೆಂಕಿ ಮೊನಚಾಗಿ, ಮಣ್ಣು ಚೌಕವಾಗಿ, ಲೋಹ ದುಂಡಗೆ, ನೀರು ಅಲೆಯಾಗಿ. ಮರ ಬೆಂಕಿಯನ್ನು ಉರಿಸುತ್ತದೆ, ಬೆಂಕಿಯಿಂದ ಮಣ್ಣು, ಮಣ್ಣಿನಿಂದ ಲೋಹ, ಲೋಹದಿಂದ ನೀರು, ನೀರಿನಿಂದ ಮತ್ತೆ ಮರ. ಹಾಗೇ ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ. ಫರ್ಬಿಡನ್ ಸಿಟಿಯ ಮಾಡುಗಳೆಲ್ಲ ಹೆಚ್ಚುಕಡಿಮೆ ಹಳದಿ ಹೆಂಚು, ಆದರೆ ಅಲ್ಲಿನ ಪುಸ್ತಕ ಭಂಡಾರದ ಹೆಂಚು ಕಪ್ಪು. ಪುಸ್ತಕಕ್ಕೆ ಬೆಂಕಿಯ ಭಯ, ಅದಕ್ಕೆ ಮೇಲೆ ನೀರಿನ ಬಣ್ಣ. ಅಂದರೆ ಬಣ್ಣವನ್ನು ಆರಿಸುವುದು ಪಕ್ಕದಲ್ಲಿ ಏನಿದೆ ಅಂತ ನೋಡಿ.

ಉದಾಹರಣೆಗೆ ದಟ್ಟ ಕಪ್ಪು ಗುಂಗುರು ಕೂದಲಿನ ಹುಡುಗಿ ಬಂದಳು ಅಂದುಕೊಳ್ಳಿ. ಬಣ್ಣದಲ್ಲೂ ಆಕಾರದಲ್ಲೂ ಅದು ನೀರು. ಅವಳಿಗೆ ಗಾಢ ಕೆಂಪು ತುಟಿ ಬೇಕು, ಅದು ಬೆಂಕಿ. ಎರಡೂ ಜಗಳಕ್ಕೆ ನಿಂತಂತೆ ಕಾಣುತ್ತವೆ. ನಡುವೆ ಮರ ತನ್ನಿ, ಹಸಿರು ಕಲ್ಲಿನ ಉದ್ದನೆಯ ಓಲೆಯೋ, ಹಸಿರು ಅಂಚಿನ ಸೀರೆಯೋ. ನೀರು ಮರಕ್ಕೆ, ಮರ ಬೆಂಕಿಗೆ, ಸಾಲು ಕೂಡಿಕೊಂಡಿತು. ಕೆಂಪು ಸೀರೆಗೆ ಬರೀ ಬೆಳ್ಳಿ ಹಾಕಿದಾಗ ಏನೋ ಒಂದು ತಪ್ಪಿದಂತೆ ಅನ್ನಿಸಿದರೆ ಅಲ್ಲಿ ಮಣ್ಣಿನ ಬಣ್ಣ ಬೇಕಾಗಿದೆ. ಕಣ್ಣಿನ ರೆಪ್ಪೆಗೆ ಸ್ವಲ್ಪ ಕಾವಿ, ಕಂದು ಹಚ್ಚಿ ನೋಡಿ.

ಈಗ ನನಗೆ ಕೋಪ ಬರುವ ಭಾಗ. ಇದೇ ಮುಖ ಓದುವ ವಿದ್ಯೆ ಕೆನ್ನೆಮೂಳೆ ಎತ್ತರ ಇರುವ ಹೆಂಗಸು ಗಂಡನಿಗೆ ಕೇಡು ಅಂತಲೂ ಹೇಳಿದೆ. ಚೀನಾದಲ್ಲಿ ಮಚ್ಚೆ ಅಪಶಕುನ ಅಂತ ತೆಗೆಸಿಕೊಳ್ಳುವವರಿದ್ದಾರೆ. ನಮ್ಮಲ್ಲೇನು ಕಮ್ಮಿಯೇ? ತಲೆಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ, ಸೊಸೆಯ ಕಾಲ್ಗುಣ, ಎಲ್ಲ ಇದೆ. ನಿಮ್ಮ ಕುರ್ಚಿಯಲ್ಲಿ ಕೂತ ಹುಡುಗಿಗೆ ಅವಳ ಮುಖದಲ್ಲಿ ದೋಷ ಇದೆ ಅಂತ ಯಾವ ಶಾಸ್ತ್ರದ ಹೆಸರಲ್ಲೂ ಹೇಳಬೇಡಿ. ಬೆಟ್ಟ ಎತ್ತರ ಇದ್ದರೆ ಎತ್ತರ, ಅಷ್ಟೇ. ಅದಕ್ಕೆ ತಕ್ಕ ಹಾಗೆ ಬೆಳಕು ಹಾಕುವುದು ನಮ್ಮ ಕೆಲಸ.

ಹಳೆಯದು ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಹಳೆಯ ಕಾಲದ ಚೀನೀ ಹೆಂಗಸರು ಮುಖಕ್ಕೆ ಹಚ್ಚುತ್ತಿದ್ದ ಬಿಳಿ ಪುಡಿಯಲ್ಲಿ ಸೀಸ ಇರುತ್ತಿತ್ತು, ತುಟಿಯ ಕೆಂಪಿಗೆ ಪಾದರಸ ಇರುವ ಇಂಗಳೀಕ ಬಳಸುತ್ತಿದ್ದರು. ಎರಡೂ ವಿಷ. ಹಾಗಾಗಿ ಹೆಸರಿಲ್ಲದ "ನ್ಯಾಚುರಲ್" ಡಬ್ಬಿ ಯಾರಾದರೂ ತಂದರೆ ಅದರ ಮೇಲೆ ಏನೇನು ಹಾಕಿದ್ದಾರೆ ಅಂತ ಬರೆದಿದೆಯಾ ನೋಡಿ, ಬರೆದಿಲ್ಲ ಅಂದರೆ ವಾಪಸ್ ಕೊಡಿ.

ಸರಿ, ಇನ್ನು ಕೈಕೆಲಸ. ಇಬ್ಬಿಬ್ಬರಾಗಿ ಕೂತುಕೊಳ್ಳಿ. ಹೇರ್‌ಬ್ಯಾಂಡ್ ಹಾಕಿ ಹಣೆ ತೆರೆಯಿರಿ. ಬ್ರಷ್ ಮುಟ್ಟಬೇಡಿ, ಮೊದಲು ಎದುರಿಗಿರುವ ಮುಖದಲ್ಲಿ ಯಾವ ಬೆಟ್ಟ ಎತ್ತರ, ಯಾವ ನದಿ ಮುಚ್ಚಿದೆ ಅಂತ ನೋಡಿ ಕಾಗದದ ಮೇಲೆ ಬರೆಯಿರಿ. ಪ್ರಶ್ನೆ ಇದ್ದರೆ ಕರೆಯಿರಿ, ನಾನು ಸುತ್ತಾಡುತ್ತಾ ಬರುತ್ತೇನೆ.