ಕೆಲಸದ ದಿನ ನೋಡಬೇಕಾದ ಊರುಗಳು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನವರು ಪ್ರವಾಸ ಹೊರಟರೆ ಮೊದಲ ಎರಡು ಗಂಟೆಯ ದಾರಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಎಡಬಲಕ್ಕೆ ಸರಿದುಹೋಗುವ ಊರುಗಳು ನಮಗೆ ಗೊತ್ತಿರುವುದು ಟೋಲ್ ಗೇಟಿನ ಹೆಸರಾಗಿ, ಇಲ್ಲವೇ ಕಾಫಿಗೆ ನಿಲ್ಲಿಸುವ ಹೋಟೆಲಿನ ವಿಳಾಸವಾಗಿ. ಮೇಲ್ಸೇತುವೆ, ಬೈಪಾಸ್, ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಅಷ್ಟು ಪರಿಚಯವೂ ತಪ್ಪಿದೆ. ರಾಮನಗರ, ಚನ್ನಪಟ್ಟಣಗಳ ಒಳಗೆ ಕಾಲಿಡದೆ ಮೈಸೂರು ಸೇರಬಹುದು. ದೇವನಹಳ್ಳಿಯ ಹೆಸರನ್ನು ದಿನಕ್ಕೆ ಸಾವಿರಾರು ಜನ ಟ್ಯಾಕ್ಸಿ ಚಾಲಕರಿಗೆ ಹೇಳುತ್ತಾರೆ. ಅವರಲ್ಲಿ ಊರು ನೋಡಿದವರು ಎಷ್ಟು ಮಂದಿಯೋ.

ದಸರಾ ರಜೆಗೆ ನಮ್ಮ ಮನೆಯಲ್ಲಿ ಕೊಡಗೋ ಊಟಿಯೋ ಎಂದು ಚರ್ಚೆ ನಡೆಯುತ್ತಿತ್ತು. ಎರಡೂ ಕಡೆ ಕೊಠಡಿಯ ಬಾಡಿಗೆ ಕೇಳಿ ಯಜಮಾನರು ಸುಮ್ಮನಾದರು. ಆಗ ನಾನು ಹೇಳಿದೆ: ದೇವನಹಳ್ಳಿಯಿಂದ ಶಿಡ್ಲಘಟ್ಟ, ಅಲ್ಲಿಂದ ಕೋಲಾರ, ಕೊನೆಗೆ ಚಿನ್ನದ ಗಣಿಯ ಊರಾದ ಕೆಜಿಎಫ್, ಒಂದು ಸುತ್ತು ಹಾಕಿ ಮನೆಗೆ ಬರೋಣ. "ಅಲ್ಲಿ ನೋಡುವುದಕ್ಕೆ ಏನಿದೆ?" ಎಂದು ಮಗ ಕೇಳಿದ. ಅತ್ತೆಯವರು ಮಾತ್ರ, "ಮದುವೆಯಾದಾಗಿನಿಂದ ರೇಷ್ಮೆ ಉಟ್ಟಿದ್ದೇನೆ, ಗೂಡು ಬಿಚ್ಚುವುದನ್ನು ಕಣ್ಣಿಂದ ಕಂಡಿಲ್ಲ, ನಡೆಯಿರಿ" ಎಂದರು. ಅವರ ಮಾತು ನಮ್ಮಲ್ಲಿ ಕೊನೆಯ ಮಾತು.

ನಾನೊಂದು ಷರತ್ತು ಹಾಕಿದೆ. ವಾರದ ದಿನಗಳಲ್ಲೇ ಹೋಗಬೇಕು, ಬೆಳಿಗ್ಗೆ ಬೇಗ ತಲುಪಬೇಕು. ಇವು ದುಡಿದು ತಿನ್ನುವ ಊರುಗಳು. ಸಂತೆ, ಹರಾಜು, ಕಾರ್ಖಾನೆ ನಡೆಯುವಾಗ ಇವುಗಳ ಕಳೆಯೇ ಬೇರೆ. ಭಾನುವಾರ ಮಧ್ಯಾಹ್ನ ಹೋಗಿ "ಏನೂ ಇಲ್ಲ" ಎಂದು ಹಿಂದಿರುಗುವವರು ರಜೆಯ ದಿನ ಶಾಲೆಗೆ ಹೋಗಿ ಮಕ್ಕಳೇ ಇಲ್ಲವೆಂದು ದೂರುವವರ ಹಾಗೆ.

ದೇವನಹಳ್ಳಿಯಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. 1501ರಲ್ಲಿ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಅಂದರೆ ಪಕ್ಕದ ಊರು ಎಂದು ನಾವು ಕರೆಯುವ ಊರೇ ವಯಸ್ಸಿನಲ್ಲಿ ಹಿರಿದು. ಟಿಪ್ಪು ಸುಲ್ತಾನ್ ಹುಟ್ಟಿದ ಜಾಗದಲ್ಲಿ ಕಲ್ಲುಕಂಬಗಳ ಒಂದು ಪುಟ್ಟ ಮಂಟಪವಿದೆ; ಹುಡುಕಿಕೊಂಡು ಹೋಗದಿದ್ದರೆ ಗೊತ್ತೇ ಆಗುವುದಿಲ್ಲ. ಕೋಟೆಯ ಒಳಗೆ ಈಗಲೂ ಸಂಸಾರಗಳಿವೆ, ವೇಣುಗೋಪಾಲಸ್ವಾಮಿ ಗುಡಿಯಿದೆ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ. ಆದರೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಇಲ್ಲಿನ ನೆಲಕ್ಕೆ ಬಂದ ಬೆಲೆಯ ಎದುರು ಯಾವ ಹಣ್ಣಿನ ಮರ ತಾನೇ ನಿಂತೀತು? ಮಾನ್ಯತೆ ಉಳಿದು ತೋಟ ಕರಗುತ್ತಿದೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಒತ್ತಾಸೆ ಕೊಟ್ಟವನು ಟಿಪ್ಪು. ದೇವನಹಳ್ಳಿಯಿಂದ ವಿಜಯಪುರ ದಾಟಿ ಶಿಡ್ಲಘಟ್ಟದ ಕಡೆ ಹೊರಟರೆ ರಾಗಿ ಹೊಲಗಳ ನಡುವೆ ಹಿಪ್ಪುನೇರಳೆ ತೋಟಗಳು ಕಾಣುತ್ತವೆ, ಅವುಗಳ ಪಕ್ಕದಲ್ಲೇ ಹುಳು ಸಾಕುವ ಉದ್ದನೆಯ ಮನೆಗಳು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಒಳಗೆ ಸಾಲುಸಾಲಾಗಿ ಜಾಲರಿಗಳು, ಪ್ರತಿ ಜಾಲರಿಯ ತುಂಬ ಗೂಡು. ಮಿಶ್ರತಳಿ ಹುಳುವಿನ ಗೂಡಿಗೆ ಹಳದಿ ಛಾಯೆ, ದ್ವಿತಳಿಯದು ಹಾಲಿನ ಬಿಳುಪು. ಕೊಳ್ಳುವವರು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಎರಡು ಬೆರಳ ನಡುವೆ ಒತ್ತಿ ನೋಡುತ್ತಾರೆ, ಮಾತಿಲ್ಲದೆ ಮುಂದಿನ ಜಾಲರಿಗೆ ಹೋಗುತ್ತಾರೆ. ಕೂಗಿ ಹರಾಜು ಹಾಕುವ ಕಾಲ ಹೋಗಿದೆ. ಈಗ ಬೆಲೆ ಏರುವುದು ಮೊಬೈಲಿನಲ್ಲಿ. ರೈತನಿಗೆ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕಿದೆ. ನಾವು ನಿಂತಿದ್ದ ಜಾಲರಿಯ ರೈತ ಫೋನನ್ನು ಅಂಗೈಯಲ್ಲಿ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಅದನ್ನೇ ನೋಡುತ್ತಿದ್ದ.

"ಎಷ್ಟು ದಿನದ ಬೆಳೆಯಪ್ಪಾ?" ಎಂದು ಅತ್ತೆಯವರು ಕೇಳಿದರು.

"ತಿಂಗಳೂ ಹಿಡಿಯುವುದಿಲ್ಲ ಅಮ್ಮಾ. ಆದರೆ ಆ ತಿಂಗಳು ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ" ಎಂದ.

ನಿಜವೇ. ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವ ಹಂತ, ದಾಟಿದ ಮೇಲೆ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಇಡುವ ತಟ್ಟಿಯಾದ ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಮನೆಯವರೆಲ್ಲ ಅಲ್ಲೇ ಇರಬೇಕು, ನೆಂಟರನ್ನೂ ಕರೆಸಿಕೊಳ್ಳಬೇಕು. ಗೂಡು ಕಟ್ಟಿತೆಂದರೆ ಅದನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ನೂಲು ಕೈಗೆ ದಕ್ಕುವುದಿಲ್ಲ. ಬೆಲೆ ಬಿದ್ದ ದಿನವೂ ರೈತ ಮಾರಲೇಬೇಕಾಗುವುದು ಇದಕ್ಕೇ. ಬೇಡವೆನ್ನುವ ಹಕ್ಕಿಗೆ ಎಷ್ಟು ದಿನದ ಆಯುಸ್ಸು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಮಾರುಕಟ್ಟೆಯಿಂದ ಗೂಡು ಹೋಗುವುದು ಊರಿನ ಗಲ್ಲಿಗಳ ಒಳಗಿರುವ ನೂಲು ಬಿಚ್ಚಾಣಿಕೆ ಘಟಕಗಳಿಗೆ. ಒಂದು ಘಟಕದ ಮಾಲೀಕರು, "ಮಕ್ಕಳು ಬಿಸಿನೀರಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ" ಎಂದಷ್ಟೇ ಹೇಳಿ ಒಳಗೆ ಬಿಟ್ಟರು. ಬೇಯಿಸಿದ ಗೂಡಿನ ವಾಸನೆ ಮೊದಲ ಉಸಿರಿಗೆ ಹೊಟ್ಟೆ ತೊಳೆಸುತ್ತದೆ. ಮಗಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಹಬೆಯ ನಡುವೆ ಕುಳಿತ ಹೆಂಗಸು ಬಿಸಿನೀರಿಗೆ ಕೈಯಿಟ್ಟು, ತೇಲುವ ಗೂಡುಗಳಿಂದ ಎಳೆಯ ತುದಿಗಳನ್ನು ಹುಡುಕಿ, ಹಲವನ್ನು ಕೂಡಿಸಿ ಒಂದೇ ದಾರವಾಗಿ ರಾಟೆಗೆ ಏರಿಸುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಅದು. ಒಂದು ಗೂಡಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ನೂಲಿರುತ್ತದೆ. ಎಳೆ ಕಡಿದಾಗ ಆಕೆ ನೋಡುತ್ತಿರಲಿಲ್ಲ, ಬೆರಳಿಗೇ ತಿಳಿಯುತ್ತಿತ್ತು. ಆ ಬೆರಳುಗಳ ತುದಿ ಬಿಳಿಚಿಕೊಂಡು ನಿರಿಗೆಗಟ್ಟಿತ್ತು.

ನೂಲು ಮುಗಿದ ಮೇಲೆ ನೀರಿನಲ್ಲಿ ಉಳಿಯುವುದು ಕಂದು ಬಣ್ಣದ ಸತ್ತ ಹುಳು. ಅದೂ ವ್ಯರ್ಥವಲ್ಲ, ಎಣ್ಣೆ ತೆಗೆಯುತ್ತಾರೆ, ಕೋಳಿ ಮತ್ತು ಮೀನಿನ ಆಹಾರಕ್ಕೆ ಕೊಡುತ್ತಾರೆ. ಒಂದು ಸೀರೆಗೆ ಸಾವಿರಗಟ್ಟಲೆ ಗೂಡು ಬೇಕೆಂದು ಮಾಲೀಕರು ಹೇಳಿದಾಗ ಮಗಳು ಅಜ್ಜಿಯ ಮುಖ ನೋಡಿದಳು. ಅತ್ತೆಯವರು ಆ ಲೆಕ್ಕಕ್ಕೆ ಹೋಗಲಿಲ್ಲ. ಕೆಲಸದ ಹೆಂಗಸಿನ ಪಕ್ಕ ಕುಳಿತು, "ಸಂಬಳ ಎಷ್ಟು ಕೊಡುತ್ತಾರಮ್ಮಾ?" ಎಂದು ವಿಚಾರಿಸಿದರು. ಉತ್ತರ ಕೇಳಿ ಸುಮ್ಮನೆ ಎದ್ದರು. ಕಾರಿನಲ್ಲಿ ಚಿಂತಾಮಣಿಯವರೆಗೂ ಅವರಿಂದ ಒಂದು ಮಾತೂ ಹೊರಡಲಿಲ್ಲ. ಅವರನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.

ಚಿಂತಾಮಣಿಯಲ್ಲಿ ಊಟ ಮಾಡಿದೆವು. ಮುದ್ದೆ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ಹೇಳಿದರೆ ಸುತ್ತಿ ನೋಡದ ಊರಿಗೆ ಅನ್ಯಾಯವಾಗುತ್ತದೆ.

ಕೋಲಾರಕ್ಕೆ ಹೋಗುವ ದಾರಿಯಲ್ಲಿ ಯಜಮಾನರು ಒಂದು ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿದರು. ಅವರ ಬಾಲ್ಯದ ನೆನಪಿನ ಕೋಲಾರ ಬತ್ತಿದ ಕೆರೆಗಳ ಕೋಲಾರ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಇದು. ಕೊಳವೆ ಬಾವಿಗಳು ಸಾವಿರ ಅಡಿ ದಾಟಿ ಇಳಿದಿದ್ದವು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಯಿಂದ ನೀರು ನೆಲಕ್ಕೆ ಇಂಗಿ ಅಂತರ್ಜಲ ಏರಬೇಕು ಎಂಬುದು ಉದ್ದೇಶ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಇಲ್ಲಿನ ರೈತ ಸಂಘಟನೆಗಳು ಕೇಳುತ್ತಲೇ ಬಂದಿವೆ. ಆ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ನಗರದವರು ಕುಡಿಯುವುದು ಒಂದು ನೀರು, ಹಳ್ಳಿಯವರಿಗೆ ಬಿಡುವುದು ಇನ್ನೊಂದು ನೀರು ಎಂದಾಗಬಾರದು.

ಮಾರನೆಯ ಬೆಳಿಗ್ಗೆ ಕೋಲಾರದ ಎಪಿಎಂಸಿಗೆ ಹೋದೆವು. ಟೊಮೆಟೊ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ಮಂಡಿಯ ಮುಂದೆ ಹದಿನೈದು ಕಿಲೋ ಪೆಟ್ಟಿಗೆಗಳ ಗೋಡೆ, ಗೋಡೆಯ ಆಚೆ ಲಾರಿಗಳ ಗೋಡೆ. ಇಲ್ಲಿ ಹರಾಜು ಇನ್ನೂ ಗಂಟಲಿನದೇ. ಮಗನಿಗೆ ಒಂದು ಅಂಕಿಯೂ ಅರ್ಥವಾಗದೆ ಬಾಯಿಬಿಟ್ಟುಕೊಂಡು ನಿಂತ. 2023ರ ಜುಲೈನಲ್ಲಿ ಇದೇ ಪೆಟ್ಟಿಗೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದ ಕಾಲದಲ್ಲಿ ರೈತರು ಬುಟ್ಟಿಗಟ್ಟಲೆ ಹಣ್ಣನ್ನು ರಸ್ತೆಗೆ ಸುರಿದು ಹೋಗುವುದೂ ಇದೇ ಕೋಲಾರದಲ್ಲಿ.

ಅಲ್ಲಿ ಅತ್ತೆಯವರಿಗೆ ಮಾತು ಮರಳಿತು. "ಹಾಗಾದರೆ ನಾವು ಬೆಳಿಗ್ಗೆ ಸ್ನಾನ ಮಾಡಿ ಚೆಲ್ಲಿದ ಕಾವೇರಿ ಇಲ್ಲಿಗೆ ಬಂದು, ನೆಲಕ್ಕಿಳಿದು, ಬೋರಿನಲ್ಲಿ ಮೇಲೆ ಬಂದು, ಟೊಮೆಟೊ ಆಗಿ ನಮ್ಮ ಸಾರಿಗೇ ಬೀಳುತ್ತದೆಯೇ?" ಎಂದರು. ಹೆಚ್ಚುಕಡಿಮೆ ಹಾಗೆಯೇ ಎಂದರು ಯಜಮಾನರು. "ಮನೆಗೆ ಹೋದ ಮೇಲೆ ಮಡಿ ಬಗ್ಗೆ ನನಗೆ ಯಾರೂ ಏನೂ ಹೇಳಬೇಡಿ" ಎಂದರು ಅತ್ತೆಯವರು, ನಮ್ಮಲ್ಲಿ ಮಡಿಯ ಬಗ್ಗೆ ಹೇಳುವವರು ಅವರೊಬ್ಬರೇ ಎಂಬುದನ್ನು ಮರೆತು.

ಕೋಲಾರ ತಲಕಾಡಿಗೂ ಮೊದಲು ಗಂಗರ ರಾಜಧಾನಿಯಾಗಿದ್ದ ಊರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಅಲ್ಲೇ ಚೇಳಮ್ಮನ ಸನ್ನಿಧಿಯೂ ಇದೆ. ಹರಕೆ ಹೊತ್ತರೆ ಚೇಳಿನ ಕಾಟವಿಲ್ಲವೆಂದು ನಂಬಿಕೆ. ಅತ್ತೆಯವರು ಕಾಣಿಕೆ ಹಾಕಿದರು. ಬೆಂಗಳೂರಿನ ನಾಲ್ಕನೆಯ ಮಹಡಿಯಲ್ಲಿ ಚೇಳಿನ ಕಾಟವೇನು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೋಮೇಶ್ವರ ಗುಡಿಯ ಕಲ್ಯಾಣ ಮಂಟಪದ ಕಂಬಗಳ ಮುಂದೆ ಒಂದು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ, ನಮ್ಮನ್ನು ಬಿಟ್ಟರೆ ಅಲ್ಲಿ ಪ್ರವಾಸಿಗರೇ ಇರಲಿಲ್ಲ.

ಕೆಜಿಎಫ್ ಬಗ್ಗೆ ಮಗನಿಗೆ ಸಿನಿಮಾದ ಕಲ್ಪನೆಯಿತ್ತು. ಊರು ಬೇರೆಯೇ ಇದೆ. ಅಗಲವಾದ ಬೀದಿಗಳು, ಕ್ಲಬ್ಬು, ಇಗರ್ಜಿಗಳು, ಗಣಿ ಕಾರ್ಮಿಕರ ಸಾಲು ಮನೆಗಳು, ಕಿವಿಗೆ ಕನ್ನಡಕ್ಕಿಂತ ಹೆಚ್ಚು ತಮಿಳು. 1875ರಲ್ಲಿ ಮೈಕೆಲ್ ಲ್ಯಾವೆಲ್ ಎಂಬ ಮಾಜಿ ಸೈನಿಕ ಇಲ್ಲಿ ಗಣಿ ಅಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನದೇ ಹೆಸರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ನಿಜವಾಗಿ ಕೈಗೂಡಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಪಕ್ಕದ ಊರು ಬೆಳಕು ಕಂಡ ಮೂರು ವರ್ಷಗಳ ನಂತರ ರಾಜಧಾನಿಗೆ ಬೆಳಕು!

ರಾಬರ್ಟ್‌ಸನ್‌ಪೇಟೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಪಕ್ಕದ ಮೇಜಿನಲ್ಲಿದ್ದ ಹಿರಿಯರು ಮಾತಿಗೆ ಸಿಕ್ಕರು. ಗಣಿಯಲ್ಲಿ ದುಡಿದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯೇ ಕೈ ಸುಡುವಷ್ಟು ಕಾದಿರುತ್ತಿತ್ತಂತೆ. ಕೇಜ್‌ನಲ್ಲಿ ಇಳಿಯುವಾಗ ಯಾರೂ ಮಾತನಾಡುತ್ತಿರಲಿಲ್ಲ, ಏರುವಾಗ ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು ಎಂದರು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದ ನ್ಯೂಟ್ರಿನೊಗಳೆಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದ್ದರು. ಮಗ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಹಿರಿಯರು ನಕ್ಕು, "ಆ ವಿಜ್ಞಾನಿಗಳನ್ನು ಕೆಳಗೆ ಇಳಿಸುತ್ತಿದ್ದವರು ನಮ್ಮವರೇ" ಎಂದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಶಾಫ್ಟ್‌ಗಳ ಕಬ್ಬಿಣದ ಗೋಪುರಗಳನ್ನು ಈಗ ದೂರದಿಂದ ನೋಡಬೇಕಷ್ಟೇ. ಅದಿರನ್ನು ಸಯನೈಡಿನಲ್ಲಿ ತೊಳೆದು ಚೆಲ್ಲಿದ ಬೂದು ಮಣ್ಣು ಊರ ಸುತ್ತ ಗುಡ್ಡಗಳಾಗಿ ನಿಂತಿದೆ. ಗಾಳಿ ಎದ್ದ ದಿನ ಅದರ ಧೂಳು ಮನೆಯೊಳಗೆ ಬರುತ್ತದೆ ಎಂದು ಅಂಗಡಿಯಾಕೆ ಒರೆಸುವ ಬಟ್ಟೆ ತೋರಿಸಿಯೇ ಹೇಳಿದರು.

ಗಣಿ ಮುಚ್ಚಿದ ಮೇಲೆ ಜನ ಏನು ಮಾಡಿದರು? ಬೆಂಗಳೂರಿನ ರೈಲು ಹತ್ತಿದರು. ಮಾರಿಕುಪ್ಪಂ ನಿಲ್ದಾಣದಿಂದ ಕತ್ತಲಿರುವಾಗಲೇ ಹೊರಡುವ ಗಾಡಿಗಳಲ್ಲಿ ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಸಾಫ್ಟ್‌ವೇರ್ ಕಚೇರಿಗಳಿಗೆ ದಿನವೂ ಜನ ಹೋಗುತ್ತಾರೆ. ಹೋಗುವುದಕ್ಕೆ ಎರಡು ಗಂಟೆಗೂ ಮೇಲೆ, ಬರುವುದಕ್ಕೆ ಅಷ್ಟೇ. ನಾವು ಪ್ರವಾಸವೆಂದು ಹಿಂದೆಮುಂದೆ ನೋಡಿ ಹೊರಟ ದಾರಿ ಅವರಿಗೆ ಹಾಜರಾತಿಯ ದಾರಿ. ಸಂಜೆ ನಾವು ಬಂಗಾರಪೇಟೆಯ ಕಡೆ ಹೊರಟಾಗ ಒಂದು ಗಾಡಿ ಎದುರಿಗೆ ಬಂತು, ಬಾಗಿಲ ತುಂಬ ಜನ, ಕೈಯಲ್ಲಿ ಊಟದ ಡಬ್ಬಿ.

ಇನ್ನು ಹೋಗಬಯಸುವವರಿಗೆ ಎರಡು ಮಾತು. ಮಾರುಕಟ್ಟೆಗಳಲ್ಲಿ ಜಾಲರಿಗೂ ಪೆಟ್ಟಿಗೆಗೂ ಅಡ್ಡ ನಿಲ್ಲಬೇಡಿ, ಮುಖದ ಚಿತ್ರ ತೆಗೆಯುವ ಮುನ್ನ ಕೇಳಿ. ಘಟಕಗಳಿಗೆ ಹೋದರೆ ಊಟದ ಬಿಡುವಿನ ಹೊತ್ತಿಗೆ ಹೋಗಬೇಡಿ, ಅದು ಅವರ ಹೊತ್ತು. ನಮ್ಮ ಮನೆಯಲ್ಲಿ ಮುಂದಿನ ಸರದಿ ಗೊಂಬೆಗಳ ಊರು ಚನ್ನಪಟ್ಟಣದ್ದು. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುವುದನ್ನು ಮಗಳು ನೋಡಬೇಕಂತೆ. ಯಜಮಾನರು ಶನಿವಾರ ಹೋಗೋಣ ಎಂದರು. ಅತ್ತೆಯವರು, "ಮಂಗಳವಾರಕ್ಕೆ ರಜೆ ಹಾಕು" ಎಂದರು.

ನಮಸ್ಕಾರ.