ಅಜ್ಜನ ಪದಕದ ಮೇಲಿನ ಪಟ್ಟಿ ಅಸಲಿಯೋ, ಆಮೇಲೆ ಹಾಕಿಸಿದ್ದೋ?

ಎಲ್ಲರಿಗೂ ಬೆಳಗಾವಿಯಿಂದ ನಮಸ್ಕಾರ.

ಹಳೇ ಮಿಲಿಟರಿ ಪದಕಗಳಲ್ಲಿ ರಿಬ್ಬನ್ನಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಪಟ್ಟಿ ಕೂತಿರುತ್ತದೆ, ನೋಡಿದ್ದೀರಾ? ಅದಕ್ಕೆ ಕ್ಲಾಸ್ಪ್ ಅಂತಾರೆ. ಕೆಲವರು ಬಾರ್ ಅಂತಾರೆ. ನಾನು ಇಡೀ ವಿಡಿಯೋದಲ್ಲಿ ಪಟ್ಟಿ ಅಂತಲೇ ಹೇಳುತ್ತೇನೆ. ಒಬ್ಬ ಸಿಪಾಯಿ ಯಾವ ಕಡೆ, ಯಾವ ವರ್ಷ ಹೋಗಿದ್ದ ಅಂತ ಹೇಳುವುದು ಆ ಪಟ್ಟಿ. ಬರೀ ಪದಕದಿಂದ ಅದು ಗೊತ್ತಾಗುವುದಿಲ್ಲ.

ನಮ್ಮ ಊರಿನ ವಿಷಯ ನಿಮಗೆ ಗೊತ್ತೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಲ್ಲೇ ಇದೆ. 1768ರಷ್ಟು ಹಳೇ ರೆಜಿಮೆಂಟ್ ಅದು. ಬೆಳಗಾವಿ, ಖಾನಾಪುರ, ಹುಕ್ಕೇರಿ, ಚಿಕ್ಕೋಡಿ ಕಡೆ ಹೋದರೆ ಟ್ರಂಕಿನ ತಳದಲ್ಲಿ ಪದಕ ಇಟ್ಟುಕೊಂಡಿರುವ ಮನೆಗಳು ಜಾಸ್ತಿ. ಹಾಗಾಗಿ ಈ ಪಟ್ಟಿಗಳ ಬಗ್ಗೆ ತಿಳಿದುಕೊಳ್ಳಬೇಕಾದವರು ನಾವೇ, ಅಲ್ವಾ?

ಈಗ ಮೇಜಿನ ಮೇಲೆ ನೀವು ನೋಡುತ್ತಿರುವುದು ಬ್ರಿಟಿಷರ ಕಾಲದ ಇಂಡಿಯಾ ಜನರಲ್ ಸರ್ವಿಸ್ ಮೆಡಲ್, 1908ರದ್ದು. ಬೆಳ್ಳಿ. ಅಗಲ 36 ಮಿಲಿಮೀಟರ್. ಹಸಿರು ರಿಬ್ಬನ್, ನಡುವೆ ದಪ್ಪ ನೀಲಿ ಗೆರೆ. ಹಿಂದೆ ತಿರುಗಿಸಿದರೆ ಖೈಬರ್ ಕಣಿವೆ ಹತ್ತಿರದ ಜಮ್ರೂದ್ ಕೋಟೆಯ ಚಿತ್ರ. ಈ ಪದಕಕ್ಕೆ ಒಟ್ಟು 12 ಪಟ್ಟಿಗಳಿವೆ. 'ನಾರ್ತ್ ವೆಸ್ಟ್ ಫ್ರಾಂಟಿಯರ್ 1908', ಅಂದರೆ ಅಫ್ಘಾನಿಸ್ತಾನದ ಕಡೆಯ ವಾಯವ್ಯ ಗಡಿ, ಅಲ್ಲಿಂದ ಶುರುವಾಗಿ 'ನಾರ್ತ್ ವೆಸ್ಟ್ ಫ್ರಾಂಟಿಯರ್ 1935'ಕ್ಕೆ ಮುಗಿಯುತ್ತದೆ. ನಡುವೆ ಆಬೋರ್, ಮಹಸೂದ್, ವಜೀರಿಸ್ತಾನ್, ಬರ್ಮಾ ಎಲ್ಲ ಬರುತ್ತವೆ. ನಮ್ಮ ಪಕ್ಕದ ಮಲಬಾರಿನದೂ ಒಂದಿದೆ, 'ಮಲಬಾರ್ 1921-22'. ಮಾಪಿಳ್ಳೆ ದಂಗೆಯ ಕಾಲದ್ದು.

ಪದಕದ ಮೇಲಿನ ಹೆಸರನ್ನು ನಾನು ತೋರಿಸುವುದಿಲ್ಲ. ಮನೆಯವರು ಬೇಡ ಅಂದಿದ್ದಾರೆ. ಆ ಮನೆಯ ಹಿರಿಯರನ್ನು ನಾನು ಕಾಕಾ ಅಂತ ಕರೆಯುತ್ತೇನೆ. ಪದಕ ಅವರ ಅಜ್ಜನದು. ಅದರ ಮೇಲೆ ಎರಡು ಪಟ್ಟಿಗಳಿವೆ. ಕೆಳಗಿನದು 'ವಜೀರಿಸ್ತಾನ್ 1921-24'. ಮೇಲಿನದು 'ನಾರ್ತ್ ವೆಸ್ಟ್ ಫ್ರಾಂಟಿಯರ್ 1930-31'. ಕ್ರಮ ಸರಿಯಾಗಿಯೇ ಇದೆ. ಮೊದಲು ಸಿಕ್ಕಿದ್ದು ಕೆಳಗೆ, ಆಮೇಲೆ ಸಿಕ್ಕಿದ್ದು ಮೇಲೆ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಕಾಕಾ ಕೇಳಿದ ಪ್ರಶ್ನೆ ಒಂದೇ. "ನೋಡಪಾ ತಮ್ಮಾ, ಎರಡೂ ಖರೇವು ಹೌದಿಲ್ಲೋ? ಒಬ್ಬಾಂವ ಬಂದು ಮ್ಯಾಲಿಂದು ಡೂಪ್ಲಿಕೇಟ್ ಐತಿ ಅಂದು ಹೋದ. ಅವತ್ತಿನಿಂದ ಮನಸಿಗೆ ಸಮಾಧಾನ ಇಲ್ಲ."

ಇಂಥ ಪ್ರಶ್ನೆ ಬಂದಾಗ ಎಲ್ಲರೂ ಮಾಡುವ ಕೆಲಸ ಒಂದೇ. ಮುಂಭಾಗದ ಅಕ್ಷರ ನೋಡುವುದು, ಮೊಬೈಲಿನಲ್ಲಿ ಇನ್ನೊಂದು ಫೋಟೋ ತೆಗೆದು ಹೋಲಿಸುವುದು. ನಕಲು ಮಾಡುವವನಿಗೂ ಇದು ಗೊತ್ತು. ಅವನ ಶ್ರಮವೆಲ್ಲ ಮುಂಭಾಗಕ್ಕೇ ಹೋಗಿರುತ್ತದೆ. ಅದಕ್ಕೇ ನಾನು ಮೊದಲು ಪದಕವನ್ನು ಮಗುಚಿ ಹಾಕುತ್ತೇನೆ. ಪಟ್ಟಿಯ ಹಿಂಭಾಗ ನೋಡಬೇಕು, ಪಕ್ಕದ ಕಿವಿಗಳನ್ನು ನೋಡಬೇಕು.

ಕಿವಿ ಅಂದರೆ ಏನು? ಕ್ಯಾಮೆರಾ ಹತ್ತಿರ ತರುತ್ತೇನೆ. ಪಟ್ಟಿಯ ಎರಡೂ ತುದಿಗಳಲ್ಲಿ ತೂತು ಇರುವ ಸಣ್ಣ ಚಾಚುಗಳು ಕಾಣುತ್ತಿವೆಯಲ್ಲ, ಅವೇ ಕಿವಿಗಳು. ಮೊದಲನೇ ಪಟ್ಟಿ ಪದಕದ ತೂಗುಕೊಂಡಿಗೆ ಕೂತಿರುತ್ತದೆ. ಎರಡನೆಯದರ ಕಿವಿ ಮೊದಲನೆಯದರ ಕಿವಿಗೆ ತಾಗುತ್ತದೆ. ಎರಡರ ತೂತಿನಲ್ಲೂ ಒಂದು ರಿವೆಟ್ ತೂರಿಸಿ ತುದಿ ಬಡಿದಿರುತ್ತಾರೆ. ಟಂಕಸಾಲೆಯಲ್ಲಿ ಹಾಕಿದ ರಿವೆಟ್ ನೀಟಾಗಿ, ಚಿಕ್ಕದಾಗಿ, ಎರಡೂ ಕಡೆ ಒಂದೇ ಥರ ಇರುತ್ತದೆ.

ಕಾಕಾ ಅವರ ಪದಕದಲ್ಲಿ ಕೆಳಗಿನ ಪಟ್ಟಿ ಹೀಗೇ ಇದೆ. ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಮೇಲಿನದರಲ್ಲಿ ರಿವೆಟ್ಟೇ ಇಲ್ಲ. ಸಣ್ಣ ತಂತಿ ತೂರಿಸಿ ಸುತ್ತಿದ್ದಾರೆ, ಅದರ ಮೇಲೆ ಬೆಸುಗೆಯ ಹನಿ ಬಿದ್ದಿದೆ.

ಇಲ್ಲಿಗೆ ತೀರ್ಪು ಕೊಟ್ಟುಬಿಡಬಾರದು. ಬಹಳ ಜನ ಎಡವುವ ಜಾಗ ಇದೇ. ಒಬ್ಬ ಸಿಪಾಯಿಗೆ ಮೊದಲೇ ಪದಕ ಸಿಕ್ಕಿದ್ದರೆ, ಮುಂದಿನ ಕಾರ್ಯಾಚರಣೆಗೆ ಅವನಿಗೆ ಇನ್ನೊಂದು ಪದಕ ಕೊಡುತ್ತಿರಲಿಲ್ಲ. ಬರೀ ಪಟ್ಟಿ ಕೊಡುತ್ತಿದ್ದರು, ಬಿಡಿಯಾಗಿ. ಅದನ್ನು ಪದಕಕ್ಕೆ ಸೇರಿಸುವ ಕೆಲಸ ಪಲ್ಟಣದ ಮಿಸ್ತ್ರಿಯೋ ಊರಿನ ಪತ್ತಾರನೋ ಮಾಡುತ್ತಿದ್ದ. ರಿವೆಟ್ ಒರಟಾಗಿದೆ, ತಂತಿ ಹಾಕಿದ್ದಾರೆ ಅಂದ ಮಾತ್ರಕ್ಕೆ ಪಟ್ಟಿ ನಕಲಿ ಅಂತ ಆಗುವುದಿಲ್ಲ. ಪಟ್ಟಿ ಅಸಲಿ, ಜೋಡಣೆ ಮಾತ್ರ ಊರಿನದು. ಅಂಥವು ಬೇಕಾದಷ್ಟಿವೆ. ಕಾಕಾ ಅವರಿಗೆ ಡೂಪ್ಲಿಕೇಟ್ ಅಂದು ಹೋದವನು ಇದನ್ನು ಯೋಚಿಸಿದ್ದನೋ ಇಲ್ಲವೋ.

ಹಾಗಾದರೆ ಪಟ್ಟಿಯನ್ನೇ ನೋಡಬೇಕು. ಈಗ ಭೂತಗನ್ನಡಿ ಇಡುತ್ತೇನೆ.

ಅಸಲಿ ಪಟ್ಟಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿರುತ್ತಾರೆ. ದೊಡ್ಡ ಒತ್ತಡದಲ್ಲಿ ಬೆಳ್ಳಿ ಅಚ್ಚಿನ ಮೂಲೆ ಮೂಲೆಗೂ ಹೋಗುತ್ತದೆ. ಅಕ್ಷರಗಳು ಉಬ್ಬಾಗಿರುತ್ತವೆ. ಅವುಗಳ ಗೋಡೆ ನೆಟ್ಟಗೆ, ಅಂಚು ಚೂಪು. ಅಕ್ಷರಗಳ ನಡುವಿನ ನೆಲ ಒಂದೇ ಸಮ. ಕೆಳಗಿನ ಪಟ್ಟಿಯ 'W' ನೋಡಿ. ಎಷ್ಟೋ ವರ್ಷ ಸವೆದಿದೆ, ಆದರೂ ಬುಡದ ಗೆರೆ ಸ್ಪಷ್ಟ.

ಮೇಲಿನದರಲ್ಲಿ 'F' ನೋಡಿ. ಮೂಲೆ ದುಂಡಗಾಗಿದೆ. ಸವೆದು ಆಗಿದ್ದಲ್ಲ ಇದು. ಸವೆತ ಬರುವುದು ಮೇಲ್ಭಾಗಕ್ಕೆ, ಬುಡಕ್ಕೆ ಬರುವುದಿಲ್ಲ. ಇಲ್ಲಿ ಬುಡವೇ ಮೆತ್ತಗೆ ಕರಗಿದಂತಿದೆ. ನೆಲದಲ್ಲಿ ಸೂಜಿಮೊನೆಯಂಥ ಗುಳಿಗಳು ಕಾಣುತ್ತವೆ. ಅಂದರೆ ಇದು ಎರಕ. ಒಂದು ಅಸಲಿ ಪಟ್ಟಿಯನ್ನು ಮಣ್ಣಿಗೋ ಇನ್ಯಾವುದಕ್ಕೋ ಒತ್ತಿ, ಆ ಅಚ್ಚಿಗೆ ಬೆಳ್ಳಿ ಹೊಯ್ದಿದ್ದಾರೆ. ಹೊಯ್ದ ಲೋಹ ಆರುವಾಗ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಎರಕದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರುತ್ತದೆ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇಟ್ಟು ಕೆಳಗಿನದನ್ನೂ ಮೇಲಿನದನ್ನೂ ಅಳೆದರೆ ಆ ವ್ಯತ್ಯಾಸ ಇಲ್ಲೂ ಬಂತು. ಹಿಂಭಾಗದಲ್ಲಿ ಅರ ಹಾಕಿ ಉಜ್ಜಿದ ಗೆರೆಗಳೂ ಇವೆ.

ಬೆಳ್ಳಿಯೋ ಅಲ್ಲವೋ ಅಂತ ಹೇಗೆ ತಿಳಿಯುವುದು? ದಯವಿಟ್ಟು ಒರೆಗಲ್ಲಿಗೆ ತಿಕ್ಕಬೇಡಿ. ಆಸಿಡ್ ಹನಿ ಹಾಕಬೇಡಿ. ಒಂದು ಸಲ ಗೀರಿದ ಗಾಯ ಮತ್ತೆ ಹೋಗುವುದಿಲ್ಲ. ಈಗ ಬಹಳಷ್ಟು ಆಭರಣದ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇದೆ. ಒಳಗೆ ಇಟ್ಟರೆ ಸಾಕು, ಗೀರದೆಯೇ ಲೋಹ ಯಾವುದು ಅಂತ ತೋರಿಸುತ್ತದೆ. ಆದರೆ ಬೆಳ್ಳಿ ಅಂದ ಕೂಡಲೇ ಅಸಲಿ ಅಂತ ಕುಣಿಯಬೇಡಿ. ನಮ್ಮ ಪತ್ತಾರರು ನಕಲು ಮಾಡಿದರೂ ಒಳ್ಳೇ ಬೆಳ್ಳಿಯಲ್ಲೇ ಮಾಡುತ್ತಿದ್ದರು. ಬೆಳ್ಳಿ ಅಲ್ಲ ಅಂತ ಬಂದರೆ ಮಾತ್ರ ಈ ಪದಕದ ಮಟ್ಟಿಗೆ ವಿಷಯ ಅಲ್ಲಿಗೇ ಮುಗಿಯಿತು.

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ನಮ್ಮ ಕಡೆ ಬೆಳ್ಳಿ ಸಾಮಾನನ್ನು ವಿಭೂತಿ ಹಚ್ಚಿ ತಿಕ್ಕುತ್ತಾರೆ. ಹಬ್ಬಕ್ಕೆ ದೇವರ ಸಾಮಾನು ತಿಕ್ಕುವಾಗ ಅಜ್ಜನ ಪದಕವನ್ನೂ ಸೇರಿಸಿ ತಿಕ್ಕಿರುತ್ತಾರೆ. ಆ ಬಿಳಿ ಪುಡಿ ಅಕ್ಷರಗಳ ಸಂದಿಯಲ್ಲಿ ಕೂತು ಗಟ್ಟಿಯಾಗಿರುತ್ತದೆ. ಪದಕದ ಸಂದಿಯಲ್ಲಿ ವರ್ಷಗಟ್ಟಲೆಯ ವಿಭೂತಿ, ಮೇಲಿನ ಪಟ್ಟಿಯ ಸಂದಿಯಲ್ಲಿ ಏನೂ ಇಲ್ಲ ಅಂದರೆ ಆ ಪಟ್ಟಿ ಮೊನ್ನೆ ಮೊನ್ನೆ ಬಂದದ್ದು. ಇಲ್ಲಿ ಏನಾಗಿದೆ ಗೊತ್ತಾ? ಎರಡೂ ಪಟ್ಟಿಗಳಲ್ಲಿ, ಪದಕದಲ್ಲಿ, ಬೆಸುಗೆಯ ಹನಿಯ ಸುತ್ತ ಕೂಡ ಒಂದೇ ಥರ ವಿಭೂತಿ ಇದೆ. ಕಪ್ಪು ಕೂಡ ಒಂದೇ ಬಣ್ಣಕ್ಕೆ ತಿರುಗಿದೆ. ಅಂದರೆ ಮೇಲಿನ ಪಟ್ಟಿ ನಕಲು ಹೌದು, ಆದರೆ ಹಳೇ ನಕಲು. ಮಾರಾಟಕ್ಕೆ ಅಂತ ಈಗ ಯಾರೋ ಸೇರಿಸಿದ್ದಲ್ಲ.

ಇದನ್ನು ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಅಂದರು, "ಎರಡನೇದು ಟಪಾಲ್ದಾಗ ಬಂದಿತ್ತಂತ. ಮನಿ ಬದಲಿ ಮಾಡುವಾಗ ಕಳೀತಂತ. ನಮ್ಮಪ್ಪ ಶಹಾಪುರದಾಗ ಮಾಡಿಸಿದ್ನೋ ಏನೋ ತಿಳೀದು. ನಮ್ಮವ್ವ ಏನೋ ಅಂತಿದ್ಲು."

ನಮ್ಮ ಬೆಳಗಾವಿಯ ಶಹಾಪುರದಲ್ಲಿ ಬಂಗಾರ ಬೆಳ್ಳಿ ಕೆಲಸ ಹಳೇ ಕಾಲದಿಂದ ಇದೆ. ಆಗಿರಬಹುದು. ಆದರೆ ಪಟ್ಟಿ ಇಷ್ಟರಿಂದ ಸಾಬೀತಾಗುವುದಿಲ್ಲ. ಅಜ್ಜ 1930ರಲ್ಲಿ ಗಡಿಗೆ ಹೋಗಿದ್ದರಾ ಅನ್ನುವುದಕ್ಕೆ ಕಾಗದ ಬೇಕು. ಅದಕ್ಕೇ ಡಿಸ್ಚಾರ್ಜ್ ಪುಸ್ತಕ, ಅಂದರೆ ಸೇನೆ ಬಿಡುವಾಗ ಸಿಪಾಯಿಗೆ ಕೊಡುವ ಪುಸ್ತಕ, ಕೇಳಿದೆ. ಪದಕಗಳನ್ನು, ಪಟ್ಟಿಗಳನ್ನು ಅದರಲ್ಲಿ ಬರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಪದಕ ಇಟ್ಟುಕೊಂಡು ಆ ಪುಸ್ತಕವನ್ನು ರದ್ದಿಗೆ ಹಾಕುತ್ತಾರೆ. ಇದು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹರಿದ ಕಾಗದವನ್ನೂ ಎಸೆಯಬೇಡಿ. ಕಾಕಾ ಅವರ ಪುಣ್ಯ, ಪುಸ್ತಕ ಇತ್ತು. ಎರಡೂ ಪಟ್ಟಿಗಳ ಹೆಸರು ಅದರಲ್ಲಿದೆ. ಅಂದರೆ ಅಜ್ಜನ ಹಕ್ಕು ಖರೆ, ಪಟ್ಟಿ ಮಾತ್ರ ಬಹುಶಃ ಮಗ ಮಾಡಿಸಿದ್ದು.

ಎಲ್ಲ ಕಡೆ ಹೀಗೆ ಒಳ್ಳೆಯದೇ ಆಗುವುದಿಲ್ಲ. ಅಪರೂಪದ ಪಟ್ಟಿ ಸೇರಿದರೆ ಪದಕದ ಬೆಲೆ ಏರುತ್ತದೆ. ಮೋಸ ನಡೆಯುವುದು ಅಲ್ಲೇ. 'ವಜೀರಿಸ್ತಾನ್ 1925' ಈ ಪದಕದ ಪಟ್ಟಿಗಳಲ್ಲೇ ಅತಿ ಅಪರೂಪದ್ದು. ಅದು ಸಿಕ್ಕಿದ್ದು ರಾಯಲ್ ಏರ್ ಫೋರ್ಸಿನವರಿಗೆ. ಪದಾತಿ ದಳದ ಸಿಪಾಯಿಯ ಹೆಸರಿರುವ ಪದಕದ ಮೇಲೆ ಅದು ಕಂಡರೆ ಭೂತಗನ್ನಡಿಯೇ ಬೇಡ. ಹಾಗೆಯೇ ಪದಕದ ಮುಂಭಾಗದಲ್ಲಿರುವ ಬ್ರಿಟಿಷ್ ರಾಜನ ತಲೆ ನೋಡಿ. ಏಳನೇ ಎಡ್ವರ್ಡ್ 1910ರಲ್ಲಿ ತೀರಿಕೊಂಡ. ಅವನ ಮುಖ ಇರುವ ಪದಕದ ಮೇಲೆ 1908ರ ಪಟ್ಟಿ ಇಲ್ಲದೆ ಬರೀ ವಜೀರಿಸ್ತಾನ್ ಇದ್ದರೆ ಏನೋ ಅದಲು ಬದಲಾಗಿದೆ.

ಇದಕ್ಕಿಂತ ಹಳೇ 1895ರ ಇಂಡಿಯಾ ಮೆಡಲ್‌ನಲ್ಲೂ ಇಂಥದ್ದೊಂದು ಇದೆ. ಅದರಲ್ಲಿ 'ಡಿಫೆನ್ಸ್ ಆಫ್ ಚಿತ್ರಾಲ್' ಅಂತ ಒಂದು ಪಟ್ಟಿ, 'ರಿಲೀಫ್ ಆಫ್ ಚಿತ್ರಾಲ್' ಅಂತ ಇನ್ನೊಂದು. ಮುತ್ತಿಗೆ ಬಿದ್ದ ಕೋಟೆಯ ಒಳಗೆ ಇದ್ದವರಿಗೆ ಮೊದಲನೆಯದು. ಅವರನ್ನು ಬಿಡಿಸಲು ಹೊರಗಿನಿಂದ ಹೋದವರಿಗೆ ಎರಡನೆಯದು. ಒಬ್ಬನೇ ಮನುಷ್ಯ ಕೋಟೆಯ ಒಳಗೂ ಇದ್ದು ಹೊರಗಿನಿಂದಲೂ ಬರಲು ಹೇಗೆ ಸಾಧ್ಯ? ಎರಡೂ ಒಂದೇ ಪದಕದಲ್ಲಿ ಕಂಡರೆ ಅರ್ಥ ಮಾಡಿಕೊಳ್ಳಿ.

ಈಗ ನಮ್ಮ ಬೆಳಗಾವಿಗೆ ತೀರಾ ಹತ್ತಿರದ ಒಂದು ವಿಷಯ. ಇದನ್ನು ಹೇಳಲೇಬೇಕು ಅಂತಲೇ ಈ ವಿಡಿಯೋ ಮಾಡಿದ್ದು.

ಎರಡನೇ ಮಹಾಯುದ್ಧದ ಆಫ್ರಿಕಾ ಸ್ಟಾರ್ ನಮ್ಮ ಕಡೆ ಎಷ್ಟೋ ಮನೆಯಲ್ಲಿದೆ. ಆರು ಮೂಲೆಯ ಕಂಚಿನ ಬಣ್ಣದ ನಕ್ಷತ್ರ. ಅದರ ರಿಬ್ಬನ್ನಿನ ಮೇಲೆ ಕೆಲವರಿಗೆ '8ತ್ ಆರ್ಮಿ' ಅನ್ನುವ ಪಟ್ಟಿ ಇರುತ್ತದೆ. ಇದಕ್ಕೆ ರಿವೆಟ್ ಇಲ್ಲ, ರಿಬ್ಬನ್ನಿಗೆ ದಾರದಲ್ಲಿ ಹೊಲಿಯುವ ಪಟ್ಟಿ. ಮೂಲೆಗಳಲ್ಲಿ ಸೂಜಿ ಹೋಗುವ ತೂತುಗಳಿರುತ್ತವೆ. ಪಕ್ಕದ ಮನೆಯವರ ಸ್ಟಾರ್‌ನಲ್ಲಿ ಪಟ್ಟಿ ಇದೆ, ನಮ್ಮ ಅಜ್ಜನದರಲ್ಲಿ ಇಲ್ಲ, ಎಲ್ಲೋ ಕಳೆದಿರಬೇಕು ಅಂದುಕೊಂಡು ಹೊಸದು ತರಿಸಿ ಹೊಲಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ.

ಆದರೆ ಆ ಪಟ್ಟಿ ಸಿಗುತ್ತಿದ್ದುದು 1942ರ ಅಕ್ಟೋಬರ್ 23ರಿಂದ 1943ರ ಮೇ 12ರ ನಡುವೆ ಬ್ರಿಟಿಷರ ಎಂಟನೇ ಸೇನೆಯಲ್ಲಿದ್ದವರಿಗೆ. ಈಜಿಪ್ಟಿನ ಎರಡನೇ ಅಲ್ ಅಲಮೈನ್ ಯುದ್ಧ ಶುರುವಾದ ದಿನದಿಂದ ಲೆಕ್ಕ. ನಮ್ಮ ಮರಾಠಾ ರೆಜಿಮೆಂಟಿನ ಮೂರನೇ ಬೆಟಾಲಿಯನ್ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಕಾದಾಡಿದ್ದು 1941ರಲ್ಲಿ. ಅಲ್ಲಿದ್ದವನಿಗೆ ಆಫ್ರಿಕಾ ಸ್ಟಾರ್ ಸಿಗುತ್ತದೆ. ಅಷ್ಟರಿಂದಲೇ 8ತ್ ಆರ್ಮಿ ಪಟ್ಟಿ ಸಿಗುವುದಿಲ್ಲ. ಪಟ್ಟಿ ಇಲ್ಲದ ಆ ಸ್ಟಾರ್ ಪೂರ್ತಿಯಾಗಿಯೇ ಇದೆ. ನೀವು ಪಟ್ಟಿ ಹೊಲಿಸಿದರೆ ಕೆರೆನ್‌ನಲ್ಲಿ ಕಡಿದಾದ ಬಂಡೆ ಹತ್ತಿದ ಅಜ್ಜನ ಗುರುತು ಅಳಿಸಿಹೋಗುತ್ತದೆ. ಅವರ ಹೆಸರಿಗೆ ಬೇರೆ ಯಾರದೋ ಯುದ್ಧ ಅಂಟಿಕೊಳ್ಳುತ್ತದೆ. ಇನ್ನೊಂದು ಮಾತು, ಆಫ್ರಿಕಾ ಸ್ಟಾರ್‌ನ ಮೇಲೆ ಒಂದೇ ಪಟ್ಟಿ ಧರಿಸುವುದು ನಿಯಮ. ಎರಡು ಪಟ್ಟಿ ಕಂಡರೆ ಆಮೇಲೆ ಯಾರೋ ಸೇರಿಸಿದ್ದಾರೆ.

ಸ್ವಾತಂತ್ರ್ಯದ ನಂತರದ ಪದಕಗಳ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. 1947ರ ಜನರಲ್ ಸರ್ವಿಸ್ ಮೆಡಲ್‌ಗೆ 'ಗೋವಾ 1961' ಅಂತ ಒಂದು ಪಟ್ಟಿ ಇದೆ. ಆ ಡಿಸೆಂಬರಿನಲ್ಲಿ ಗೋವಾಕ್ಕೆ ಸೈನ್ಯ ಸೇರಿದ್ದು ಬೆಳಗಾವಿಯಲ್ಲೇ, ಹಾಗಾಗಿ ಇಲ್ಲಿನವರಿಗೆ ಅದರ ಮೇಲೆ ಮಮತೆ ಜಾಸ್ತಿ. ಪರೇಡಿಗೆ, ಮದುವೆಗೆ ಹಾಕಿಕೊಳ್ಳಲು ಯೂನಿಫಾರ್ಮ್ ಅಂಗಡಿಗಳಲ್ಲಿ ಇನ್ನೊಂದು ಸೆಟ್ ಮಾಡಿಸುವುದು ಮಾಜಿ ಸೈನಿಕರ ವಾಡಿಕೆ. ಅಸಲಿ ಸೆಟ್ ಮನೆಯಲ್ಲಿ ಭದ್ರ ಇರಲಿ ಅಂತ. ಇದರಲ್ಲಿ ತಪ್ಪೇನೂ ಇಲ್ಲ. ಎರಡು ಸೆಟ್ ಒಂದೇ ಡಬ್ಬಿಯಲ್ಲಿ ಸೇರಿ, ಮೂವತ್ತು ವರ್ಷ ಆದ ಮೇಲೆ ಮೊಮ್ಮಕ್ಕಳಿಗೆ ಯಾವುದು ಯಾವುದು ಅಂತ ಗೊತ್ತಾಗದೇ ಹೋಗುತ್ತದೆ, ತೊಂದರೆ ಅಲ್ಲಿರುವುದು. ಸೇನೆ ಕೊಟ್ಟ ಪದಕದ ಅಂಚಿನಲ್ಲಿ ನಂಬರು, ಹೆಸರು ಇರುತ್ತದೆ. ಅದನ್ನು ಇವತ್ತೇ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿ.

ಕಾಕಾ ಅವರ ಪದಕಕ್ಕೆ ಬರೋಣ. "ಮ್ಯಾಲಿನ ಪಟ್ಟಿ ತಗದ ಬಿಡ್ಲೇನು?" ಅಂತ ಕೇಳಿದರು. ಬೇಡ ಕಾಕಾ ಅಂದೆ. ತೆಗೆಯಲು ಹೋದರೆ ಕೆಳಗಿನ ಅಸಲಿ ಪಟ್ಟಿಯ ಕಿವಿ ಬಾಗುತ್ತದೆ. ಬಿಸಿ ತಾಗಿಸಿದರೆ ಇನ್ನೂ ಹಾಳು. ಹಾಗೇ ಇರಲಿ, ಪಾಲಿಶ್ ಕೂಡ ಇನ್ನು ಸಾಕು. ಆದರೆ ಒಂದು ಚೀಟಿ ಬರೆದಿಡಿ ಅಂತ ಹೇಳಿದೆ. ಕೆಳಗಿನದು ಸರಕಾರ ಕೊಟ್ಟದ್ದು, ಮೇಲಿನದು ಬಹುಶಃ ಮಗ ಮಾಡಿಸಿದ್ದು, ಡಿಸ್ಚಾರ್ಜ್ ಪುಸ್ತಕದಲ್ಲಿ ಎರಡೂ ಇವೆ. ಇಷ್ಟೇ ಮೂರು ಸಾಲು. ಅವರ ಮೊಮ್ಮಗಳು ಅಲ್ಲೇ ಕೂತು ಬರೆದಳು, ಪುಸ್ತಕದ ಆ ಪುಟವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟಳು.

ನಿಮ್ಮ ಮನೆಯ ಪದಕದ ಫೋಟೋ ತೆಗೆಯುವುದಾದರೆ ಹಿಂಭಾಗದ್ದೂ, ಎರಡೂ ಕಡೆಯ ಕಿವಿಗಳದ್ದೂ ಹತ್ತಿರದಿಂದ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಓರೆಯಾಗಿ ಬೀಳಲಿ. ಆಗ ಎರಕದ ಗುಳಿಗಳು ತಾವೇ ಕಾಣುತ್ತವೆ. ಅಂಚಿನ ಹೆಸರನ್ನು ಅಳಿಸಿ ಮತ್ತೆ ಬರೆದಿದ್ದರೆ ಹೇಗೆ ತಿಳಿಯುವುದು, ಅದನ್ನು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.